ಮೊಮ್ಮಗನ ಕೋಟಿನ ಮೇಲಿನ ಹೂವು

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಸಲ ಮಗಳ ಮನೆಗೆ ಹೋಗಿದ್ದಾಗ ನೋಡಿದ ಒಂದು ಕಾರ್ಯಕ್ರಮದ ಬಗ್ಗೆ ನಿಮಗೆ ಹೇಳಬೇಕು ಅನ್ನಿಸಿದೆ. ಮಗಳು ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಅಳಿಯ ಅಲ್ಲಿಯವನೇ. ಮೊಮ್ಮಗನಿಗೆ 18 ತುಂಬಿತು. ತುಂಬಿದ ಮೇಲೆ ಅವನು ಒಂದು ಸಂಘಕ್ಕೆ ಸದಸ್ಯನಾದ. ಸನ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಅಂತ ಅದರ ಹೆಸರು. ಇಂಗ್ಲೆಂಡಿನ ರಾಜನ ವಿರುದ್ಧ ಅಮೆರಿಕದವರು ಬಂಡೆದ್ದು ಯುದ್ಧ ಮಾಡಿದರಲ್ಲ, ಆ ಯುದ್ಧದಲ್ಲಿ ಇದ್ದವರ ವಂಶಸ್ಥರ ಸಂಘ.

ಶನಿವಾರ ಬೆಳಗ್ಗೆ, ಊರಿನ ಲೈಬ್ರರಿಯ ಹಿಂದಿನ ಸಭಾಂಗಣ. ಮಡಚುವ ಕುರ್ಚಿಗಳು, ಒಂದು ಮೂಲೆಯಲ್ಲಿ ಕಾಫಿ. ಮೂರು ಮೂಲೆ ಟೋಪಿ ಹಾಕಿಕೊಂಡು, ಆ ಕಾಲದ ನೀಲಿ ಕೋಟು ತೊಟ್ಟು, ನಾಲ್ಕು ಜನ ಹಿರಿಯರು ಬಾವುಟ ಹಿಡಿದು ಒಳಗೆ ಬಂದರು. ಎಲ್ಲರೂ ಎದ್ದು ನಿಂತೆವು. ಅವತ್ತು ಹೊಸದಾಗಿ ಸೇರುವವರು ಮೂವರು. ನನ್ನ ಮೊಮ್ಮಗ, ಒಬ್ಬ ಮೇಷ್ಟ್ರು, ಇನ್ನೊಬ್ಬರು ಬಸ್ ಓಡಿಸಿ ನಿವೃತ್ತರಾದ ಕಪ್ಪು ಜನಾಂಗದ ಹಿರಿಯರು. ಒಬ್ಬೊಬ್ಬರನ್ನೇ ಮುಂದೆ ಕರೆದು, ಇವರ ಪೂರ್ವಜ ಇಂಥವನು, ಇಂಥ ಪಡೆಯಲ್ಲಿದ್ದ ಅಂತ ಗಟ್ಟಿಯಾಗಿ ಓದಿದರು. ಆಮೇಲೆ ಕೋಟಿನ ಎಡಗಡೆ ಒಂದು ಪುಟ್ಟ ಬಟ್ಟೆ ಹೂವು ಚುಚ್ಚಬೇಕು. ನಮ್ಮ ಅಂಗಿಯ ಗುಂಡಿಯಷ್ಟು ದೊಡ್ಡದು, ಅಷ್ಟೇ. ನೀಲಿ, ಬಿಳಿ, ತಿಳಿ ಕಂದು. ಸೇನಾಪತಿ ವಾಷಿಂಗ್ಟನ್ನರ ಸಮವಸ್ತ್ರದ ಬಣ್ಣಗಳಂತೆ ಅವು. ಮೊಮ್ಮಗನಿಗೆ ಅದನ್ನು ಚುಚ್ಚಿದ್ದು ನನ್ನ ಮಗಳು. ಧಾರವಾಡದಲ್ಲಿ ಹುಟ್ಟಿದ ನನ್ನ ಮಗಳು. ಅವಳ ಕೈ ಸ್ವಲ್ಪ ನಡುಗುತ್ತಿತ್ತು.

ಅಲ್ಲಿಂದಾಚೆ ಅವನನ್ನು ಎಲ್ಲರೂ ಕಂಪೇಟ್ರಿಯಟ್ ಅಂತ ಕರೆಯುತ್ತಾರೆ. ಒಂದೇ ನಾಡಿನವನು, ನಮ್ಮವನು ಅನ್ನುವ ಹಾಗೆ.

ಈ ಸಂಘ ಶುರುವಾದದ್ದು 1889ರ ಏಪ್ರಿಲ್ 30ರಂದು, ನ್ಯೂಯಾರ್ಕಿನಲ್ಲಿ. ವಾಷಿಂಗ್ಟನ್ ಮೊದಲ ಅಧ್ಯಕ್ಷರಾಗಿ ಪ್ರಮಾಣ ಮಾಡಿ ಸರಿಯಾಗಿ ನೂರು ವರ್ಷ ತುಂಬಿದ ದಿನ ಅದು. ಹೆಂಗಸರನ್ನು ಸೇರಿಸಿಕೊಳ್ಳಲಿಲ್ಲ. ಅವರು ಸುಮ್ನೆ ಕೂರಲಿಲ್ಲ, ಮರುವರ್ಷವೇ, 1890ರ ಅಕ್ಟೋಬರ್‌ನಲ್ಲಿ, ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಅಂತ ತಮ್ಮದೇ ಸಂಘ ಕಟ್ಟಿದರು. ಇವತ್ತು ಅದೇ ದೊಡ್ಡದು. ಅವರ ಲಾಂಛನ ಏನು ಗೊತ್ತಾ? ನೂಲುವ ರಾಟೆ. ಚಕ್ರಕ್ಕೆ 13 ಕಡ್ಡಿಗಳಿರುವ ರಾಟೆ, 13 ಮೂಲ ರಾಜ್ಯಗಳ ಲೆಕ್ಕಕ್ಕೆ. ಗಾಂಧೀಜಿ ಚರಕ ಕೈಗೆತ್ತಿಕೊಳ್ಳುವುದಕ್ಕಿಂತ ಎಷ್ಟೋ ಮೊದಲು ಅಲ್ಲಿನ ಹೆಂಗಸರೂ ಇಂಗ್ಲೆಂಡಿನ ಬಟ್ಟೆ ಬೇಡ ಅಂತ ಮನೆಯಲ್ಲೇ ನೂತಿದ್ದರು.

ಸರಿ, ಸೇರುವುದು ಹೇಗೆ? ಹಣ ಕಟ್ಟಿದರೆ ಆಗುವುದಿಲ್ಲ. ನಮ್ಮ ತಾತ ಹೇಳುತ್ತಿದ್ದರು ಅಂದರೂ ಆಗುವುದಿಲ್ಲ. ನಿಮ್ಮಿಂದ ಆ ಪೂರ್ವಜನವರೆಗೆ ಪ್ರತಿ ತಲೆಮಾರಿಗೂ ಕಾಗದ ಬೇಕು. ಇವನು ಇವಳ ಮಗ, ಇವಳು ಇವನ ಮಗಳು ಅಂತ ಒಂದೊಂದು ಕೊಂಡಿಯನ್ನೂ ತೋರಿಸಬೇಕು. ಒಂದು ಕೊಂಡಿ ತಪ್ಪಿದರೂ ಅರ್ಜಿ ವಾಪಸ್. ಪೂರ್ವಜ ಸಿಪಾಯಿಯೇ ಆಗಿರಬೇಕು ಅಂತಿಲ್ಲ, ಇದು ನನಗೆ ತುಂಬಾ ಹಿಡಿಸಿತು. ಸೈನ್ಯಕ್ಕೆ ದನ ಕೊಟ್ಟವನು, ಕಾಳು ಕೊಟ್ಟವನು, ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣಕ್ಕೆ ಸಹಿ ಹಾಕಿದವನು, ಇವರೂ ಲೆಕ್ಕಕ್ಕೆ ಬರುತ್ತಾರೆ. ಸಹಿ ಹಾಕುವುದೇನು ಮಹಾ ಅಂತೀರಾ? ಯುದ್ಧದಲ್ಲಿ ಸೋತಿದ್ದರೆ ಅದೇ ಸಹಿಗೆ ಕುತ್ತಿಗೆ ಹೋಗುತ್ತಿತ್ತು.

ನನ್ನ ಮೊಮ್ಮಗನ ದಾರಿ ಹೋಗುವುದು ಅವನ ಅಪ್ಪನ ತಾಯಿಯ ಕಡೆಯಿಂದ. ಅಂದರೆ ನನ್ನ ಬೀಗಿತ್ತಿಯ ತವರಿನ ಕಡೆಯಿಂದ. ಮೊಮ್ಮಗನಿಂದ ಎಣಿಸಿದರೆ ಆ ಸಿಪಾಯಿ ಒಂಬತ್ತನೆಯವನು. ಹುಡುಗನಿಗೆ ದೊಡ್ಡ ವೀರನೊಬ್ಬ ಸಿಗುತ್ತಾನೆ ಅಂತ ಆಸೆ ಇತ್ತು. ಸಿಕ್ಕವನು ಪೆನ್ಸಿಲ್ವೇನಿಯಾ ನಾಡಪಡೆಯ ಸಾಮಾನ್ಯ ಸಿಪಾಯಿ. ಆ ನಾಡಪಡೆಯಲ್ಲಿ ರೈತರು, ಕಮ್ಮಾರರು ಸರದಿಯ ಮೇಲೆ ಎರಡೆರಡು ತಿಂಗಳು ಹೋಗಿ ಬರುತ್ತಿದ್ದರು. ಬಿತ್ತನೆ ಬಿಟ್ಟು ಹೋಗು, ಬಂದು ಕೊಯ್ಲು ಮಾಡು, ಮತ್ತೆ ಕರೆ ಬಂದರೆ ಮತ್ತೆ ಹೋಗು. ಇವನು ಹೀಗೆ ಮೂರು ಸಲ ಹೋಗಿ ಬಂದಿದ್ದ. ಹಾಜರಿ ಪಟ್ಟಿಯಲ್ಲಿ ಅವನ ಹೆಸರು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಬರೆದಿದೆ. ಬರೆಯುವವನ ಕಿವಿಗೆ ಹೇಗೆ ಕೇಳಿಸಿತೋ ಹಾಗೆ.

ಸಿಪಾಯಿ ಸಿಕ್ಕ. ಆದರೆ ಅವನ ಮಗಳು ಸಿಗಲಿಲ್ಲ. ಆರು ತಿಂಗಳು ಎಲ್ಲರೂ ಒದ್ದಾಡಿದ್ದು ಅಲ್ಲೇ.

ಯಾಕೆ ಅಂದರೆ, ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ಇದೆ. ಆದರೆ 1850ರವರೆಗೆ ಅದರಲ್ಲಿ ಮನೆಯ ಯಜಮಾನನ ಹೆಸರು ಮಾತ್ರ. ಉಳಿದವರೆಲ್ಲ ವಯಸ್ಸಿನ ಕಾಲಮ್ಮಿನಲ್ಲಿ ಒಂದು ಅಂಕಿ. ನಾನೇ ಕಂಪ್ಯೂಟರಿನಲ್ಲಿ ನೋಡಿದೆ. ಗಂಡನ ಹೆಸರಿದೆ, ಪಕ್ಕದಲ್ಲಿ ಹೆಂಗಸರ ಕಾಲಮ್ಮಿನಲ್ಲಿ ಒಂದು ‘1’. ಅದೇ ಆಕೆ. ಆ ಮನೆಯಲ್ಲಿ ಅಡುಗೆ ಮಾಡಿ, ಹೆತ್ತು, ಹೊಲ ನೋಡಿಕೊಂಡವಳು. ಗಂಡ ಬರೆಸಿದ ವಿಲ್ಲಿನಲ್ಲಿ ‘ನನ್ನ ಪ್ರೀತಿಯ ಹೆಂಡತಿಗೆ’ ಅಂತಿದೆ, ಯಾರ ಮಗಳು ಅಂತ ಇಲ್ಲ. ಮದುವೆಯಾದ ಮೇಲೆ ಅಡ್ಡಹೆಸರು ಬದಲಾಗಿದೆ. ಇನ್ನು ಹುಡುಕುವುದು ಎಲ್ಲಿ?

ಕೊನೆಗೆ ಉತ್ತರ ಸಿಕ್ಕಿದ್ದು ಪಿಂಚಣಿ ಫೈಲಿನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯುದ್ಧ ಮುಗಿದು ಸುಮಾರು ಐವತ್ತು ವರ್ಷ ಆದ ಮೇಲೆ, 1832ರಲ್ಲಿ, ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಕನಿಷ್ಠ ಆರು ತಿಂಗಳು ಸೇವೆ ಮಾಡಿದವರಿಗೂ ಪಿಂಚಣಿ. ಆದರೆ ಎಷ್ಟೋ ಜನರ ಹತ್ತಿರ ಕಾಗದವೇ ಇರಲಿಲ್ಲ. ಸೈನ್ಯದ ದಾಖಲೆಗಳೂ 1800ರ ಬೆಂಕಿಯಲ್ಲಿ ಸುಟ್ಟುಹೋಗಿದ್ದವು. ಹಾಗಾಗಿ ಎಪ್ಪತ್ತು, ಎಂಬತ್ತು ದಾಟಿದ ಮುದುಕರು ಊರಿನ ಕೋರ್ಟಿಗೆ ಬಂದು ನಿಂತು, ನಾನು ಹುಟ್ಟಿದ್ದು ಇಲ್ಲಿ, ಸೇರಿದ್ದು ಇಂಥವನ ಕೈಕೆಳಗೆ, ನಡೆದದ್ದು ಈ ದಾರಿ ಅಂತ ನೆನಪಿನಿಂದ ಹೇಳಿದರು. ಗುಮಾಸ್ತ ಬರೆದುಕೊಂಡ. ಇವನು ಸುಳ್ಳು ಹೇಳುವವನಲ್ಲ ಅಂತ ಊರಿನ ಪಾದ್ರಿ, ನೆರೆಯವರು ಸಾಕ್ಷಿ ಹೇಳಿದರು. ನಮ್ಮಲ್ಲೂ ಸ್ವಾತಂತ್ರ್ಯ ಹೋರಾಟಗಾರರಿಗೆ 1972ರಲ್ಲಿ ಕೇಂದ್ರದ ಪಿಂಚಣಿ ಬಂತಲ್ಲ, ಅದಕ್ಕೂ ಸಾಮಾನ್ಯವಾಗಿ ಆರು ತಿಂಗಳ ಜೈಲು ತೋರಿಸಬೇಕಿತ್ತು. ನಮ್ಮ ದೊಡ್ಡಪ್ಪನಿಗೆ ಜೈಲಿನ ದಾಖಲೆ ಸಿಗದೆ, ಜೊತೆಗೆ ಸೆರೆಯಲ್ಲಿದ್ದವರೊಬ್ಬರ ಪತ್ರ ತರಲು ಎರಡು ಬಸ್ ಬದಲಿಸಿ ಹೋಗಿದ್ದು ನನಗೆ ನೆನಪಿದೆ. ಎಲ್ಲಿಯ ಪೆನ್ಸಿಲ್ವೇನಿಯಾ, ಎಲ್ಲಿಯ ನಮ್ಮ ದೊಡ್ಡಪ್ಪ!

1836ರಲ್ಲಿ, ಆಮೇಲೆ 1838ರಲ್ಲಿ, ಸಿಪಾಯಿಗಳ ವಿಧವೆಯರಿಗೂ ಪಿಂಚಣಿ ಬಂತು. ವಿಧವೆ ತೋರಿಸಬೇಕಾದ್ದು ಏನು? ತಾನು ಅವನನ್ನು ಮದುವೆಯಾಗಿದ್ದು ನಿಜ ಅಂತ. ಮದುವೆ ಸರ್ಟಿಫಿಕೇಟು ಆಗ ಎಲ್ಲಿತ್ತು? ಮನೆಯ ಬೈಬಲ್ಲಿನಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುವ ಹಾಳೆ ಇರುತ್ತಿತ್ತು. ಆ ಹಾಳೆಯನ್ನೇ ಹರಿದು ಸರ್ಕಾರಕ್ಕೆ ಕಳಿಸಿದರು. ಒಬ್ಬಿಬ್ಬರಲ್ಲ, ಎಷ್ಟೋ ಮುದುಕಿಯರು ಹೀಗೆ ಮಾಡಿದ್ದಾರೆ. ದೇವರ ಪುಸ್ತಕದಿಂದ ಹಾಳೆ ಹರಿಯುವಾಗ ಆ ಜೀವಕ್ಕೆ ಏನನ್ನಿಸಿರಬೇಕು.

ನಮ್ಮ ಸಿಪಾಯಿಯ ಹೆಂಡತಿಯೂ ಹರಿದು ಕಳಿಸಿದ್ದಳು. ಆ ಹಾಳೆ ಇವತ್ತಿಗೂ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಬೀಗಿತ್ತಿ ಅದರ ಚಿತ್ರ ತರಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಊಟದ ಟೇಬಲ್ಲಿನ ಮೇಲೆ ಹರಡಿದ್ದರು. ಎಡಗಡೆ ಅಂಚು ಹಲ್ಲು ಹಲ್ಲಾಗಿ ಹರಿದಿದೆ. ಕಂದು ಶಾಯಿ. ಒಂಬತ್ತು ಮಕ್ಕಳ ಹೆಸರು, ಒಂದರ ಕೆಳಗೆ ಒಂದು. ಮೊದಲ ಐದು ಒಂದೇ ಕೈಬರಹ, ಆಮೇಲಿನದು ಬೇರೆ ಕೈ. ಎರಡು ಹೆಸರಿನ ಮುಂದೆ ಹುಟ್ಟಿದ ವರ್ಷದ್ದೇ ಸಾವಿನ ತಾರೀಖು. ನಾಲ್ಕನೆಯ ಹೆಸರು ನಮ್ಮವಳದ್ದು. ಮುಂದೆ ಮದುವೆಯ ದಿನ, ಗಂಡನ ಹೆಸರು. ಬೀಗಿತ್ತಿ ಆ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಹಾಳೆಯ ಜೊತೆ ಇದ್ದ ಅರ್ಜಿಯಲ್ಲಿ ಮುದುಕಿಯ ಸಹಿ ಇರಲಿಲ್ಲ. ಒಂದು ಅಡ್ಡ ಗೀಟು, ಒಂದು ಉದ್ದ ಗೀಟು. ಓದು ಬರಹ ಬಾರದವಳು.

ಅವಳು ಕೇಳಿದ್ದು ಪಿಂಚಣಿಯನ್ನು. ಅದರಿಂದ ಮಗಳ ಹೆಸರು ಉಳಿಯಿತು.

ಇಲ್ಲಿ ಆ ಬಸ್ ಡ್ರೈವರ್ ಹಿರಿಯರ ವಿಷಯ ಹೇಳಲೇಬೇಕು. ಅವರಿಗೆ ನಾಲ್ಕು ವರ್ಷ ಹಿಡಿಯಿತಂತೆ. ಆ ಯುದ್ಧದಲ್ಲಿ ಅಮೆರಿಕದ ಕಡೆ ಸುಮಾರು 5,000 ಕಪ್ಪು ಜನ ಸಿಪಾಯಿಗಳಾಗಿದ್ದರು ಅಂತ ಇತಿಹಾಸಕಾರರ ಅಂದಾಜು. ಆದರೆ ಅವರ ಮೊಮ್ಮಕ್ಕಳು, ಮರಿಮಕ್ಕಳು ಅದನ್ನು ತೋರಿಸುವುದು ಹೇಗೆ? ಗುಲಾಮರಾಗಿದ್ದವರ ಹೆಸರು ಜನಗಣತಿಯಲ್ಲಿ ಮೊದಲು ಪೂರ್ತಿಯಾಗಿ ಬರುವುದೇ 1870ರಲ್ಲಿ. ಅದಕ್ಕೆ ಮೊದಲು ಒಡೆಯನ ಹೆಸರಿನ ಕೆಳಗೆ, ಗಂಡು, ಇಷ್ಟು ವಯಸ್ಸು. ಹೆಣ್ಣು, ಇಷ್ಟು ವಯಸ್ಸು, ಅಷ್ಟೇ. ಹೆಸರೇ ಬರೆಯದವರ ಮಕ್ಕಳ ಹತ್ತಿರ ಹೆಸರಿನ ಪುರಾವೆ ಕೇಳಿದರೆ ಹೇಗೆ ಹೇಳಿ.

ಕಾಗದದ ಕಷ್ಟ ಒಂದೇ ಅಲ್ಲ. ಬಾಗಿಲೂ ಮುಚ್ಚಿತ್ತು. 1939ರಲ್ಲಿ ಮರಿಯನ್ ಆಂಡರ್ಸನ್ ಅನ್ನುವ ದೊಡ್ಡ ಗಾಯಕಿಗೆ, ಕಪ್ಪು ಬಣ್ಣದವರು ಅನ್ನುವ ಕಾರಣಕ್ಕೆ, ಡಾಟರ್ಸ್ ಸಂಘ ವಾಷಿಂಗ್ಟನ್ನಿನ ತನ್ನ ಸಭಾಂಗಣ ಕೊಡಲಿಲ್ಲ. ಅಧ್ಯಕ್ಷರ ಪತ್ನಿ ಎಲೆನರ್ ರೂಸ್ವೆಲ್ಟ್ ಆ ಸಂಘದ ಸದಸ್ಯೆ. ಅವರು ರಾಜೀನಾಮೆ ಕೊಟ್ಟರು. ಆಂಡರ್ಸನ್ ಆ ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದರು, ಸುಮಾರು 75,000 ಜನ ಬಯಲಲ್ಲಿ ನಿಂತು ಕೇಳಿದರು. ಕಪ್ಪು ಹೆಣ್ಣುಮಗಳು ಅಂತ ಗೊತ್ತಿದ್ದೂ ಡಾಟರ್ಸ್ ಸಂಘ ಮೊದಲ ಬಾರಿ ಸದಸ್ಯತ್ವ ಕೊಟ್ಟದ್ದು 1977ರಲ್ಲಿ, ಕರೆನ್ ಬ್ಯಾಚೆಲರ್ ಅವರಿಗೆ. ಸನ್ಸ್ ಸಂಘಕ್ಕೆ ಹಾರ್ವರ್ಡಿನ ಪ್ರೊಫೆಸರ್ ಹೆನ್ರಿ ಲೂಯಿಸ್ ಗೇಟ್ಸ್ 2006ರಲ್ಲಿ ಸೇರಿದರು. ಅವರ ಪೂರ್ವಜ ಜಾನ್ ರೆಡ್‌ಮನ್ ಸ್ವತಂತ್ರ ಕಪ್ಪು ಮನುಷ್ಯ, ಆ ಯುದ್ಧದಲ್ಲಿ ಹೋರಾಡಿದವನು. ಡಾಟರ್ಸ್ ಸಂಘವೂ ಬದಲಾಯಿತು. ಯುದ್ಧದಲ್ಲಿದ್ದ ಕಪ್ಪು ಜನರ, ಮೂಲನಿವಾಸಿಗಳ 6,600ಕ್ಕೂ ಹೆಚ್ಚು ಹೆಸರು ಹುಡುಕಿ 2008ರಲ್ಲಿ ಪ್ರಕಟಿಸಿತು. ಒಳ್ಳೆಯ ಕೆಲಸ. ತಡವಾಯಿತು, ತುಂಬಾ ತಡವಾಯಿತು, ಅದನ್ನೂ ಹೇಳಬೇಕು.

ಆ ಹಿರಿಯರ ಕೋಟಿಗೆ ಹೂವು ಚುಚ್ಚಲು ಅವರ ಪುಟ್ಟ ಮೊಮ್ಮಗಳು ಬಂದಳು. ಎಟುಕಲಿಲ್ಲ. ಅವರು ಮಂಡಿಯೂರಿದರು. ಸಭಾಂಗಣದಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲ. ಇಂಥವರನ್ನು ಸ್ವಾಗತಿಸುವಾಗಲೇ ಈ ಸಂಘಕ್ಕೆ ನಿಜವಾದ ಅರ್ಥ ಬರುವುದು ಅಂತ ನನಗೆ ಅನ್ನಿಸಿತು.

ಕಾಫಿ ಕುಡಿಯುವಾಗ ಒಬ್ಬರು ನನ್ನನ್ನು ಕೇಳಿದರು, ಅಮ್ಮ, ನಿಮ್ಮ ಕಡೆಗೂ ನಮ್ಮ ಯುದ್ಧಕ್ಕೂ ಏನಾದರೂ ಸಂಬಂಧ ಇದೆಯಾ ಅಂತ. ಇದೆ ಅಂದೆ. ಹೈದರ್ ಅಲಿಯ ಹೆಸರು ಹೇಳಿದೆ. ಅದೇ ವರ್ಷಗಳಲ್ಲಿ ನಮ್ಮ ಮೈಸೂರಿನ ಸೈನ್ಯವೂ ಇಂಗ್ಲಿಷರ ಜೊತೆ ಕಾದಾಡುತ್ತಿತ್ತು. 1780ರ ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರು ಸೋತರು. ಪೆನ್ಸಿಲ್ವೇನಿಯಾದವರ ಒಂದು ಯುದ್ಧನೌಕೆಯ ಹೆಸರೇ ‘ಹೈದರ್ ಅಲಿ’! 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಆ ಹಡಗು ತನಗಿಂತ ಜಾಸ್ತಿ ಬಲದ ‘ಜನರಲ್ ಮಂಕ್’ ಅನ್ನುವ ಇಂಗ್ಲಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಹಿಡಿಯಿತು. ಕ್ಯಾಪ್ಟನ್ ಜೋಶುವಾ ಬಾರ್ನಿಗೆ ಆಗ 22 ವರ್ಷ. ನಾನು ಗಟ್ಟಿಯಾಗಿ ಏನು ಕೂಗುತ್ತೇನೋ ಅದಕ್ಕೆ ಉಲ್ಟಾ ಚುಕ್ಕಾಣಿ ತಿರುಗಿಸು ಅಂತ ತನ್ನವನಿಗೆ ಮೊದಲೇ ಹೇಳಿಟ್ಟಿದ್ದನಂತೆ. ಶತ್ರು ಕೂಗು ಕೇಳಿ ಮೋಸ ಹೋದ. ಇನ್ನೊಂದು ಮಾತು. ಅಮೆರಿಕದ ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ಶರಣಾದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನೇ ಮುಂದೆ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದವನು. ಕೇಳಿದವರು ಲೋಟ ಕೆಳಗಿಟ್ಟು, ಪೆನ್ನು ತೆಗೆದು ಬರೆದುಕೊಂಡರು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅದಲ್ಲ. ಮೊಮ್ಮಗನ ಅರ್ಜಿ. ಅದರಲ್ಲಿ ಪ್ರತಿ ತಲೆಮಾರಿಗೂ ಗಂಡ, ಹೆಂಡತಿ ಇಬ್ಬರ ಹೆಸರೂ ಬರೆಯಬೇಕು, ಹುಟ್ಟಿದ ಊರೂ ಬರೆಯಬೇಕು. ಮೊದಮೊದಲ ಸಾಲುಗಳಲ್ಲೇ ನನ್ನ ಮಗಳ ಹೆಸರು. ಹುಟ್ಟಿದ ಊರು ಧಾರವಾಡ, ಕರ್ನಾಟಕ. ಅದರ ಕೆಳಗೆ ಸಾಲು ಸಾಲಾಗಿ ಪೆನ್ಸಿಲ್ವೇನಿಯಾದ ಹಳ್ಳಿಗಳು, ಕಟ್ಟಕಡೆಗೆ 250 ವರ್ಷದ ಹಿಂದಿನ ಆ ಸಿಪಾಯಿ.

ಅವತ್ತು ರಾತ್ರಿ ಹುಡುಗ ನನ್ನ ಪಕ್ಕ ಬಂದು ಕೂತ. ‘ಅಜ್ಜಿ, ನಿಮ್ಮ ಕಡೆಯವರ ಹೆಸರು ಹೇಳಿ’ ಅಂದ. ಅಪ್ಪನ ಕಡೆ ನಾಲ್ಕು ತಲೆಮಾರು ಹೇಳಿದೆ. ಅದೂ ಯಾಕೆ ಗೊತ್ತಿತ್ತು ಅಂದರೆ, ನಾನು ಸಣ್ಣವಳಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕೂತು, ಕಾಲು ಕಾಣದ ಹಾಗೆ ಬಟ್ಟೆ ಹೊದ್ದು, ಬೆಳಗಿನ ಜಾವ ಮನೆ ಮುಂದೆ ನಿಂತು ನಮ್ಮ ಮನೆತನದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದ. ನಮ್ಮಮ್ಮ ಮೊರದ ತುಂಬ ಜೋಳ ಹಾಕುತ್ತಿದ್ದಳು. ‘ನಿಮ್ಮ ಅಮ್ಮನ ಅಮ್ಮ?’ ಅಂದ ಹುಡುಗ. ಹೇಳಿದೆ. ‘ಅವರ ಅಮ್ಮ?’ ನಾನು ಸುಮ್ಮನಾದೆ. ಹೆಳವ ಹೇಳುತ್ತಿದ್ದದ್ದು ಗಂಡಸರ ಹೆಸರು ಮಾತ್ರ.

ಊರಿಗೆ ಬಂದ ಮೇಲೆ ತಮ್ಮನಿಗೆ ಫೋನ್ ಮಾಡಿದೆ. ಹೆಳವ ಈಗಲೂ ಬರುತ್ತಾನಾ ಅಂತ ಕೇಳಿದೆ. ಆ ಮುದುಕ ಹೋದ, ಅವನ ಮಗ ಬರುತ್ತಾನೆ, ಎತ್ತಿನ ಮೇಲೆ ಅಲ್ಲ, ಮೋಟರ್ ಸೈಕಲ್ ಮೇಲೆ ಅಂದ. ಬಂದಾಗ ನನಗೆ ಹೇಳು, ನಾನೇ ಬಂದು ಕೂರುತ್ತೇನೆ ಅಂದೆ. ಯಾಕೆ ಅಂದ. ನಮ್ಮ ಮನೆಯ ಹೆಣ್ಣುಮಕ್ಕಳ ಹೆಸರೂ ಅವನ ಪುಸ್ತಕದಲ್ಲಿ ಬರೆಸಬೇಕು ಕಣೋ, ಧಾರವಾಡದ ಮಗಳದ್ದೂ, ಪೆನ್ಸಿಲ್ವೇನಿಯಾದ ಮೊಮ್ಮಗನದ್ದೂ ಸೇರಿಸಿ.

ನಮಸ್ಕಾರ.