ಮೈಲುತುತ್ತದ ಡ್ರಮ್ಮು, ಅಜ್ಜಿಯ ಸುಣ್ಣ, ನನ್ನ ಉಪ್ಪುನೀರಿನ ತೊಟ್ಟಿ

ಟಪ್... ಟಪ್... ಈ ಸದ್ದು ಕೇಳಿಸ್ತಾ? ಹೊರಗೆ ಮಳೆ ಸುರಿಯುತ್ತಿರುವುದು ನಿಜ. ಆದರೆ ಇದು ಸೂರಿನ ಹನಿಯಲ್ಲ. ಮೆಡಿಕಲ್ ಶಾಪಿನಿಂದ ತಂದ ಗ್ಲೂಕೋಸ್ ಡ್ರಿಪ್ ಸೆಟ್ಟು. ಸೆಕೆಂಡಿಗೆ ಒಂದು ಹನಿ. ಕೆಳಗಿರುವ ರೋಗಿ 200 ಲೀಟರ್ ಉಪ್ಪುನೀರು.

ಈಗ ರಾತ್ರಿ ಒಂಬತ್ತೂವರೆ. ಆಲ್ದೂರಿನ ಹತ್ತಿರ ನಮ್ಮ ಮನೆ. ಸುತ್ತ ಕಾಫಿ, ಮೆಣಸು, ಒಂದಿಷ್ಟು ಅಡಿಕೆ. ಸಮುದ್ರ ನೋಡಬೇಕು ಅಂದ್ರೆ ಚಾರ್ಮಾಡಿ ಘಾಟಿ ಇಳಿಯಬೇಕು. ಅಂಥ ಊರಲ್ಲಿ ಜಗಲಿ ಪಕ್ಕದ ಕೋಣೆಯಲ್ಲಿ ಒಂದು ತುಂಡು ಸಮುದ್ರ ಇಟ್ಟುಕೊಂಡಿದ್ದೇನೆ. ಬಂದ ನೆಂಟರೆಲ್ಲ ಕೇಳೋದು ಒಂದೇ ಪ್ರಶ್ನೆ. "ಮಂಗಳೂರಿಂದ ನೀರು ಹೊತ್ತು ತರ್ತೀಯಾ?" ಇಲ್ಲ. ನೀರು ನಮ್ಮ ಬಾವಿಯದ್ದೇ. ಉಪ್ಪು ಮಾತ್ರ ಚೀಲದಲ್ಲಿ ಬರುತ್ತದೆ.

ಈ ಹುಚ್ಚು ಹತ್ತಿದ್ದು ನೇತ್ರಾಣಿ ದ್ವೀಪದಲ್ಲಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದೆ. ಬಂಡೆಗೆ ಅಂಟಿಕೊಂಡ ಹವಳ, ಅದರ ಸಂದಿಯಿಂದ ಇಣುಕುವ ಮೀನು. ಮೇಲೆ ಬಂದ ಮೇಲೂ ಕಣ್ಣಿಂದ ಹೋಗಲಿಲ್ಲ. ಹಾಗಂತ ಅಲ್ಲಿಂದ ಒಂದು ಚೂರು ಮುರಿದು ತರುವ ಹಾಗಿಲ್ಲ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಕಲ್ಲು ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ಸಮುದ್ರ ಬೀಸಣಿಗೆ, ಕಡಲ್ಗುದುರೆ, ಎಲ್ಲವಕ್ಕೂ ಈ ಕಾಯ್ದೆಯ ರಕ್ಷಣೆ ಇದೆ. ಯಾರಾದರೂ 'ಸಮುದ್ರದ ಕಲ್ಲು, ಅಗ್ಗಕ್ಕೆ ಕೊಡ್ತೀನಿ' ಅಂದ್ರೆ ಅಲ್ಲೇ ಕೈಮುಗಿದು ಬಂದುಬಿಡಿ. ನನ್ನ ತೊಟ್ಟಿಯಲ್ಲಿರುವುದು ಒಣ ಕಲ್ಲು, ಬೇರೆಯವರ ತೊಟ್ಟಿಯಲ್ಲೇ ಬೆಳೆದ ಮೆದು ಹವಳದ ತುಂಡುಗಳು, ಮತ್ತೆ ಸಾಕಣೆ ಕೇಂದ್ರದಲ್ಲೇ ಹುಟ್ಟಿದ ಎರಡು ಕ್ಲೌನ್ ಮೀನು.

ಇಗೋ, ಇವರೇ. ಕೇಸರಿ ಮೈ, ಮೂರು ಬಿಳಿ ಪಟ್ಟೆ. ಅಜ್ಜಿ ಮೊದಲ ದಿನವೇ 'ವಿಭೂತಿ ಮೀನು' ಅಂತ ಹೆಸರಿಟ್ಟರು. ದೊಡ್ಡದು ಹೆಣ್ಣು, ಸಣ್ಣದು ಗಂಡು. ತಮಾಷೆ ಏನು ಗೊತ್ತಾ? ಹುಟ್ಟುವಾಗ ಎಲ್ಲವೂ ಗಂಡೇ. ಜೊತೆಯಲ್ಲಿ ಜೋರಿರುವ ಮೀನು ಹೆಣ್ಣಾಗುತ್ತದೆ. ಹೆಣ್ಣು ಸತ್ತರೆ ಉಳಿದ ಗಂಡು ಹೆಣ್ಣಾಗುತ್ತದೆ. ಇದನ್ನ ಅಜ್ಜಿಗೆ ಹೇಳಿದೆ. "ಯಜಮಾನಿಕೆ ಬಂದ ಮೇಲೆ ಎಲ್ಲ ಆಗಲೇಬೇಕಲ್ಲ ಪುಟ್ಟ" ಅಂದರು.

ಸರಿ, ನೀರಿನ ವಿಷಯ. ಮಲೆನಾಡಿನವರಿಗೆ ಇದರಲ್ಲಿ ಸ್ವಲ್ಪ ಪುಣ್ಯ ಇದೆ. ನಮ್ಮ ಬಾವಿ ನೀರಿನ ಟಿಡಿಎಸ್, ಅಂದ್ರೆ ಕರಗಿರುವ ಲವಣದ ಪ್ರಮಾಣ, ನಾನು ನೋಡಿದಾಗ 48 ಇತ್ತು. ಬಯಲುಸೀಮೆಯ ಬೋರ್‌ವೆಲ್‌ನವರು ಕೇಳಿದರೆ ಹೊಟ್ಟೆ ಉರಿದುಕೊಳ್ಳುತ್ತಾರೆ. ಆದರೂ ಅದನ್ನ ಆರ್‌ಓ, ಅದರ ಮೇಲೊಂದು ಡಿಐ ರೆಸಿನ್ (ಉಳಿದ ಲವಣ ಹೀರುವ ಹರಳು) ದಾಟಿಸಿ ಸೊನ್ನೆಗೆ ತರುತ್ತೇನೆ. ಹಂಡೆಯ ನೀರು ಮಾತ್ರ ಮುಟ್ಟಲ್ಲ. ತಾಮ್ರದ ಹಂಡೆ ಅದು. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಅದೇ ದೊಡ್ಡ ಕಥೆ.

ಉಪ್ಪು ಅಂದ್ರೆ ಅಡುಗೆ ಉಪ್ಪಲ್ಲ. ಸಮುದ್ರದ ನೀರಲ್ಲಿ ಕರಗಿರುವುದರಲ್ಲಿ ಸುಮಾರು 85 ಪಾಲು ಸೋಡಿಯಂ, ಕ್ಲೋರೈಡ್ ನಿಜ. ಆದರೆ ಉಳಿದ 15ರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಇದೆ. ಹವಳಕ್ಕೆ ಅವೂ ಬೇಕು. ವಾರಕ್ಕೊಮ್ಮೆ 20 ಲೀಟರ್ ನೀರು ಬದಲಿಸುತ್ತೇನೆ. ಅದಕ್ಕೆ ಮುಕ್ಕಾಲು ಕಿಲೋ ಉಪ್ಪು. ಒಂದು ಪಂಪ್ ಹಾಕಿ ರಾತ್ರಿಯಿಡೀ ಕಲಕಿ, ಬೆಳಿಗ್ಗೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಒಂದು ಹನಿ ಬಿಟ್ಟು ನೋಡುವುದು. ನೀಲಿ, ಬಿಳಿ ಸೇರುವ ಗೆರೆ 35ಕ್ಕೆ, ಅಂದ್ರೆ ಸಾವಿರಕ್ಕೆ 35 ಪಾಲು ಉಪ್ಪಿಗೆ, ನಿಲ್ಲಬೇಕು. ತುಂಬಾ ಜನ ತಪ್ಪು ಮಾಡೋದು ಇಲ್ಲೇ. ತೊಟ್ಟಿಯ ನೀರು ಆವಿಯಾಗಿ ಕಡಿಮೆಯಾದರೆ ಉಪ್ಪುನೀರು ಸೇರಿಸಬಾರದು. ಆವಿಯಾಗಿ ಹೋಗೋದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ಸಿಹಿನೀರು ಹಾಕಿ. ಮಾರ್ಚ್ ತಿಂಗಳಲ್ಲಿ ನನಗೆ ದಿನಕ್ಕೆ 2 ಲೀಟರ್ ಬೇಕು. ಈ ಮಳೆಗಾಲದಲ್ಲಿ ಅಷ್ಟು ಹೋಗಲ್ಲ, ಗೋಡೆಯೇ ಬೆವರುತ್ತಿದೆ ನೋಡಿ.

ನೀರು ತುಂಬಿಸಿದ ತಕ್ಷಣ ಮೀನು ಬಿಡೋ ಹಾಗಿಲ್ಲ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಇದಕ್ಕೂ ಬ್ಯಾಕ್ಟೀರಿಯಾ ಹೆಪ್ಪು ಬೇಕು. ಒಂದು ಗುಂಪು ಅಮೋನಿಯಾವನ್ನ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನ ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ. ಮೂರನೆಯದು ಅಷ್ಟಿಲ್ಲ. ಮೊಸರು ಬೆಳಗಾಗುವುದರಲ್ಲಿ ಆಗುತ್ತದೆ, ಇದಕ್ಕೆ ನನಗೆ ಐದು ವಾರ ಹಿಡಿಯಿತು. ಖಾಲಿ ನೀರಿಗೆ ಲೈಟ್ ಹಾಕಿಕೊಂಡು ದಿನಾ ಪರೀಕ್ಷೆ ಮಾಡುತ್ತಾ ಕೂತಿದ್ದೆ. ನಾಲ್ಕನೇ ವಾರ ಮರಳಿನ ಮೇಲೆಲ್ಲ ಕಾಫಿ ಪುಡಿ ಉದುರಿಸಿದ ಹಾಗೆ ಕಂದು ಪದರ. ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ. ಗಾಬರಿ ಬೇಡ, ಹೊಸ ತೊಟ್ಟಿಗೆ ಬರುವಂಥದ್ದೇ, ತಾನಾಗಿ ಹೋಗುತ್ತದೆ.

ಕೆಳಗಿನ ಕಪಾಟಿನಲ್ಲಿ ಗೊರಗೊರ ಅನ್ನುತ್ತಿರುವುದು ಪ್ರೋಟೀನ್ ಸ್ಕಿಮ್ಮರ್. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕೊಳಕು ನೊರೆ ತೆಗೆಯುತ್ತಾರಲ್ಲ, ಅದೇ ಕೆಲಸ. ಸಣ್ಣ ಸಣ್ಣ ಗಾಳಿಗುಳ್ಳೆಗೆ ಕೊಳೆ ಅಂಟಿಕೊಂಡು ಮೇಲಿನ ಕಪ್ಪಿಗೆ ಬೀಳುತ್ತದೆ. ವಾಸನೆ ಮಾತ್ರ ಆಲೆಮನೆಯದ್ದಲ್ಲ. ಕಪ್ ತೊಳೆಯುವ ದಿನ ನಾನು ತಿಂಡಿ ತಡವಾಗಿ ತಿನ್ನುತ್ತೇನೆ.

ಈಗ ಆ ಡ್ರಮ್ಮಿನ ಕಥೆ.

ಹೋದ ವರ್ಷ ಮೇ ಕೊನೆ. ಮಳೆಗೆ ಮುಂಚೆ ತೋಟಕ್ಕೆ ಬೋರ್ಡೋ ಹೊಡೆಯುವ ಕಾಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆಳೆಯ ರೋಗಕ್ಕೆ ಹೊಡೆಯುವ ಔಷಧಿ ಅದು. ಮೈಲುತುತ್ತ, ಅಂದ್ರೆ ತಾಮ್ರದ ಸಲ್ಫೇಟ್, ಒಂದು ಕಡೆ ಕರಗಿಸಬೇಕು, ಸುಣ್ಣ ಇನ್ನೊಂದು ಕಡೆ, ಆಮೇಲೆ ಎರಡನ್ನೂ ಸೇರಿಸಬೇಕು. ಅಡಿಕೆಯ ಕೊಳೆರೋಗಕ್ಕಾದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ಬಂತಾ ಅಂತ ನೋಡೋಕೆ ಅಪ್ಪನ ಹತ್ತಿರ ಯಾವ ಕಿಟ್ಟೂ ಇಲ್ಲ. ಉಜ್ಜಿ ಹೊಳೆಸಿದ ಕತ್ತಿಯನ್ನ ಅದ್ದಿ ತೆಗೆಯುತ್ತಾರೆ. ಕಬ್ಬಿಣದ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ ಅಂತ ಅರ್ಥ. ಇನ್ನಷ್ಟು ಸುಣ್ಣ ಸುರಿಯುತ್ತಾರೆ. ಕತ್ತಿ ಬೆಳ್ಳಗೇ ಬಂದರೆ ಹದ ಸರಿ.

ಆ ವಾರ ನನ್ನ ಬಕೆಟ್ ಸೀಳಿತ್ತು. ಶೆಡ್ಡಿನಲ್ಲಿ ಒಂದು ನೀಲಿ ಡ್ರಮ್ ಕಂಡಿತು. ಮೂರು ಸಲ ತೊಳೆದೆ. ಒಳಗೆ ಕೈ ಹಾಕಿ ಉಜ್ಜಿದೆ ಕೂಡ. ಅದರಲ್ಲೇ ಉಪ್ಪುನೀರು ಕಲಸಿ, ಒಳ್ಳೆಯದಾಗಲಿ ಅಂತ ಒಂದೇ ಸಲಕ್ಕೆ 40 ಲೀಟರ್ ಬದಲಿಸಿಬಿಟ್ಟೆ.

ಬೆಳಿಗ್ಗೆ ಲೈಟ್ ಹಾಕಿದರೆ ಗಾಜಿನ ಮೇಲೆ ಒಂದೂ ಬಸವನಹುಳು ಇಲ್ಲ. ಎಲ್ಲ ಮರಳಿನ ಮೇಲೆ ಅಂಗಾತ. ಕ್ಲೀನರ್ ಸಿಗಡಿ ಕಲ್ಲಿನ ಸಂದಿಯಲ್ಲಿ ಒರಗಿತ್ತು, ಮೀಸೆ ನೀರಿನ ಸೆಳೆತಕ್ಕೆ ಮಾತ್ರ ಅಲ್ಲಾಡುತ್ತಿತ್ತು. ಜೋಆಂಥಸ್ ಹವಳ ಅಷ್ಟೂ ಬಾಯಿ ಮುಚ್ಚಿಕೊಂಡು ಗುಬಟುಗಳಾಗಿದ್ದವು. ವಿಭೂತಿ ಮೀನುಗಳು ಮಾತ್ರ ಏನೂ ಆಗದವರ ಹಾಗೆ ಗಾಜಿನ ಹತ್ತಿರ ಬಂದು ಊಟ ಕೇಳಿದವು. ಆಗ ಅನುಮಾನ ಬಂತು. ಮೀನು ಚೆನ್ನಾಗಿದೆ, ಬೆನ್ನೆಲುಬಿಲ್ಲದ ಜೀವಗಳೆಲ್ಲ ಸತ್ತಿವೆ. ತಾಮ್ರದ ಕಿಟ್ ತೆಗೆದು ಪರೀಕ್ಷೆ ಮಾಡಿದೆ. ಬಣ್ಣ ಬಂತು. ಬರಬಾರದಿತ್ತು.

ಸಮುದ್ರ ಮೀನಿನ ಚುಕ್ಕೆ ರೋಗಕ್ಕೆ ತಾಮ್ರವೇ ಮದ್ದು. ಬೇರೆ ತೊಟ್ಟಿಯಲ್ಲಿಟ್ಟು ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ ಕೊಡುತ್ತಾರೆ, ಮೀನು ತಡೆಯುತ್ತದೆ. ಅದೇ ನೀರಲ್ಲಿ ಬಸವನಹುಳು, ಸಿಗಡಿ, ಹವಳ ಬದುಕಲ್ಲ. ವಿಚಿತ್ರ ಏನಂದ್ರೆ ಸಿಗಡಿಯ ರಕ್ತದಲ್ಲೇ ತಾಮ್ರ ಇದೆ. ನಮ್ಮ ರಕ್ತಕ್ಕೆ ಕಬ್ಬಿಣ ಇದ್ದ ಹಾಗೆ, ಆಮ್ಲಜನಕ ಹೊರೋಕೆ ಅದಕ್ಕೆ ತಾಮ್ರ. ಆದರೂ ನೀರಲ್ಲಿ ಒಂಚೂರು ಜಾಸ್ತಿಯಾದರೆ ಮುಗೀತು.

ಅಪ್ಪನಿಗೆ ಡ್ರಮ್ ತೋರಿಸಿದೆ. "ಏನೋ ಇದು, ಬೋರ್ಡೋ ಡ್ರಮ್ ಕಣೋ. ಹತ್ತು ವರ್ಷದಿಂದ ಕಲಸ್ತಿದೀನಿ ಅದ್ರಲ್ಲಿ. ಒಂದು ಮಾತು ಕೇಳಬಾರದಿತ್ತಾ?" ಅಂದರು. ಕೇಳಬೇಕಿತ್ತು. ಆಮೇಲೆ ಅವರೇ ಕತ್ತಿ ಹಿಡಿದುಕೊಂಡು ತೊಟ್ಟಿಯ ಹತ್ತಿರ ಬಂದರು, ಅದ್ದಿ ನೋಡೋಣ ಅಂತ. ಇಷ್ಟು ಕಡಿಮೆ ತಾಮ್ರ ಕತ್ತಿಗೆ ಕಾಣಲ್ಲ ಅಪ್ಪ ಅಂತ ವಾಪಸ್ ಕಳಿಸಿದೆ.

ತಾಮ್ರ ನೀರಲ್ಲಿ ಮಾತ್ರ ಇರಲ್ಲ. ಸುಣ್ಣಕಲ್ಲಿನ ಜಾತಿಯ ಕಲ್ಲು, ಮರಳು ಅದನ್ನ ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಕಲ್ಲು, ಮರಳು ಎರಡನ್ನೂ ತೆಗೆದೆ. ತಾಮ್ರ ಹೀರುವ ರೆಸಿನ್ ಹಾಕಿದೆ, ಕಾರ್ಬನ್ ಹಾಕಿದೆ, ನೀರು ಬದಲಿಸಿದೆ. ಮೀನುಗಳು ಅಷ್ಟು ದಿನ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿದ್ದವು. ಮತ್ತೆ ಹೆಪ್ಪು, ಮತ್ತೆ ಆರು ವಾರ. ಆ ಕಲ್ಲುಗಳು ಈಗ ಅಂಗಳದ ಮೂಲೆಯಲ್ಲಿವೆ, ನಾಯಿ ಬಿಸಿಲು ಕಾಯಿಸೋಕೆ ಅವುಗಳ ಮೇಲೇ ಮಲಗೋದು.

ಒಂದು ಎಚ್ಚರಿಕೆ. ಸತ್ತ ಜೋಆಂಥಸ್ ತೆಗೆಯುವಾಗ ಕೈಗವಸು, ಕನ್ನಡಕ ಎರಡೂ ಬೇಕು. ಇವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಅನ್ನೋ ವಿಷ ಇರುತ್ತದೆ, ಹುಡುಗಾಟ ಅಲ್ಲ. ಶುಚಿ ಮಾಡ್ತೀನಿ ಅಂತ ಆ ಕಲ್ಲನ್ನ ಕುದಿಸಲೇಬೇಡಿ. ಆವಿ ಒಳಗೆ ಹೋದರೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾಗುತ್ತದೆ.

ಹೊಸ ತೊಟ್ಟಿ ನಿಂತಿತು. ಏಳೆಂಟು ತಿಂಗಳಿಗೆ ಕಲ್ಲಿನ ಮೇಲೆ ನೇರಳೆ ಬಣ್ಣ ಹಬ್ಬಿತು. ಕೋರಲೈನ್ ಪಾಚಿ. ನೋಡೋಕೆ ಚಂದ, ಆದರೆ ಅದೂ ಸುಣ್ಣ ತಿನ್ನುತ್ತದೆ. ಬಸವನಹುಳುವಿನ ಚಿಪ್ಪಿಗೂ ಸುಣ್ಣ ಬೇಕು. ನೀರಿನ ಕ್ಷಾರದ ಬಲ ತೋರಿಸುವ ಆಲ್ಕಲಿನಿಟಿ ಪರೀಕ್ಷೆಯಲ್ಲಿ ಹನಿ ಎಣಿಸುತ್ತಾ ಹೋದರೆ 8.5 ಇದ್ದದ್ದು 6.5ಕ್ಕೆ ಇಳಿದಿತ್ತು. ಬಾಟಲಿಯಲ್ಲಿ ಬರುವ ದ್ರಾವಣದ ಬೆಲೆ ನೋಡಿ ಮೊಬೈಲ್ ಕೆಳಗಿಟ್ಟೆ. ಹುಡುಕಿದಾಗ ಹಳೆಯ ಜರ್ಮನ್ ಉಪಾಯ ಒಂದು ಸಿಕ್ಕಿತು, ಹೆಸರು ಕಾಲ್ಕ್‌ವಾಸರ್. ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದರು. ಅವರಿಗೆ ವಿವರಿಸಿದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನ ನೀರಲ್ಲಿ ಕಲಸಿ, ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿ ಮಾತ್ರ ತಗೊಂಡು...

"ಸುಣ್ಣದ ತಿಳಿ ಅನ್ನೋಕೇನು ರೋಗ?" ಅಂದರು.

ಹೌದು, ಕಾಲ್ಕ್‌ವಾಸರ್ ಅಂದ್ರೆ ಸುಣ್ಣದ ನೀರು, ಅಷ್ಟೇ. "ಸಮುದ್ರದ ಚಿಪ್ಪು ಸುಟ್ಟೇ ಅಲ್ವಾ ಕರಾವಳಿಯವರು ಸುಣ್ಣ ಮಾಡ್ತಿದ್ದಿದ್ದು? ವಾಪಸ್ ಅಲ್ಲಿಗೇ ಹಾಕ್ತಿದೀಯ" ಅಂತ ಎಲೆ ಮಡಿಚಿ ಬಾಯಿಗಿಟ್ಟುಕೊಂಡರು.

ಅಂದ್ರೆ ನೋಡಿ, ನಮ್ಮ ಶೆಡ್ಡಿನಲ್ಲಿ ಎರಡು ಚೀಲ ಅಕ್ಕಪಕ್ಕ ಇರುತ್ತವೆ. ನೀಲಿಯದು ನನ್ನ ತೊಟ್ಟಿಯನ್ನ ಕೊಂದಿತು. ಬಿಳಿಯದರ ಅಣ್ಣತಮ್ಮ ಅದನ್ನ ಸಾಕುತ್ತಿದೆ. ಅಣ್ಣತಮ್ಮ ಅಂದೆ, ಯಾಕಂದ್ರೆ ಔಷಧಿ ಹೊಡೆಯುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಹಾಕಬಾರದು. ಅದರಲ್ಲಿ ಏನೇನು ಬೆರೆತಿರುತ್ತದೋ. ಆಹಾರಕ್ಕೆ ಬಳಸುವಷ್ಟು ಶುದ್ಧ ಇರುವ ಪುಡಿಯೇ ತರಬೇಕು, ಗಾಳಿ ಆಡದ ಡಬ್ಬಿಯಲ್ಲಿಡಬೇಕು.

ಹೇಗೆ ಮಾಡೋದು ಅಂತ ಇಲ್ಲಿ ತೋರಿಸುತ್ತಿದ್ದೇನೆ. ಒಂದು ಲೀಟರ್ ಆರ್‌ಓ ನೀರಿಗೆ ಒಂದೂವರೆ ಗ್ರಾಂ. ಕುಲುಕಿ ಬಿಡಿ. ಹಾಲಿನ ಹಾಗೆ ಆಗುತ್ತದೆ. ಎರಡು ಗಂಟೆ ಬಿಟ್ಟರೆ ತಳ ಕೂತು ಮೇಲೆ ಗಾಜಿನಂಥ ತಿಳಿ. ಅದರ ಮೇಲೊಂದು ತೆಳು ಕೆನೆ ಕಾಣ್ತಾ? ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಮತ್ತೆ ಸುಣ್ಣಕಲ್ಲಾದದ್ದು. ಅದನ್ನ ಬಿಟ್ಟು ತಿಳಿ ಮಾತ್ರ ಡ್ರಿಪ್ ಬಾಟಲಿಗೆ. ಇದರ ಪಿಎಚ್ 12ರ ಮೇಲಿದೆ, ಕಣ್ಣಿಗೆ ಬಿದ್ದರೆ ಅನಾಹುತ. ತೊಟ್ಟಿಗೆ ಒಮ್ಮೆಲೇ ಸುರಿದರೂ ಅನಾಹುತವೇ, ನೀರೆಲ್ಲ ಬೆಳ್ಳಗಾಗಿಬಿಡುತ್ತದೆ. ಅದಕ್ಕೇ ಈ ಹನಿ. ಈ ಸೆಟ್ಟಿನಲ್ಲಿ 20 ಹನಿಗೆ ಒಂದು ಮಿಲಿಲೀಟರ್. ಸೆಕೆಂಡಿಗೆ ಒಂದು ಹನಿ ಬಿಟ್ಟರೆ 2 ಲೀಟರ್ ಇಳಿಯೋಕೆ 11 ಗಂಟೆ. ಆವಿಯಾದ ನೀರೂ ತುಂಬಿತು, ಸುಣ್ಣವೂ ಹೋಯಿತು. ಮಳೆಗಾಲದಲ್ಲಿ ಆವಿ ಕಡಿಮೆ, ಹಾಗಾಗಿ ಬಾಟಲಿಯೂ ಅರ್ಧವೇ.

ರಾತ್ರಿಯೇ ಯಾಕೆ ಅಂದ್ರೆ, ಹಗಲು ಹವಳದೊಳಗಿನ ಪಾಚಿ ಇಂಗಾಲದ ಡೈಆಕ್ಸೈಡ್ ತಿನ್ನುತ್ತದೆ. ಲೈಟ್ ಆರಿದ ಮೇಲೆ ಎಲ್ಲರೂ ಅದನ್ನ ಬಿಡೋರೇ, ತಿನ್ನೋರಿಲ್ಲ. ಪಿಎಚ್ ಇಳಿಯುತ್ತದೆ. ಮಳೆಗಾಲದಲ್ಲಿ ನಾವು ಕಿಟಕಿ ಬಾಗಿಲೆಲ್ಲ ಹಾಕಿ, ಒಲೆ ಉರಿಸಿ ಕೂತಿರುತ್ತೇವಲ್ಲ, ಆಗ ಇನ್ನೂ ಜಾಸ್ತಿ. ಬೆಳಗಿನ ಜಾವ 7.9ಕ್ಕೆ ಬರುತ್ತಿದ್ದದ್ದು ಈಗ 8.1ರ ಹತ್ತಿರ ನಿಲ್ಲುತ್ತಿದೆ.

ಅಯ್ಯೋ. ಕರೆಂಟ್ ಹೋಯ್ತು. ಕತ್ತಲಾಯ್ತು ಅಂತ ಬೇಜಾರಾಗಬೇಡಿ, ಮೊಬೈಲ್ ಟಾರ್ಚ್ ಇದೆ. ಕೇಳಿ, ಈಗ ಶುರುವಾದ ಸಣ್ಣ ಗುಂಯ್ ಸದ್ದು ಬ್ಯಾಟರಿಯ ಗಾಳಿ ಪಂಪಿನದು. ಮಲೆನಾಡಿನಲ್ಲಿ ತೊಟ್ಟಿ ಇಡೋರು ಮೀನಿಗಿಂತ ಮೊದಲು ಇದನ್ನ ತನ್ನಿ. ಉಪ್ಪುನೀರಲ್ಲಿ ಆಮ್ಲಜನಕ ಕರಗೋದೇ ಸಿಹಿನೀರಿಗಿಂತ ಕಡಿಮೆ. ಅದರ ಮೇಲೆ ನಾವಿರುವುದು ಸುಮಾರು ಸಾವಿರ ಮೀಟರ್ ಎತ್ತರದಲ್ಲಿ, ಗಾಳಿಯೇ ತೆಳು. ನೀರು ನಿಂತರೆ ಮೀನು ಬೆಳಗಿನವರೆಗೆ ಕಾಯಲ್ಲ. ಡಿಸೆಂಬರ್‌ನಲ್ಲಾದರೆ ಹೀಟರ್ ನಿಂತಿತಲ್ಲ ಅನ್ನೋದು ಬೇರೆ ಚಿಂತೆ. ತೊಟ್ಟಿಗೆ ಕಂಬಳಿ ಹೊದಿಸಿದ ರಾತ್ರಿಗಳೂ ಇವೆ.

ಡ್ರಿಪ್ಪಿಗೆ ಮಾತ್ರ ಕರೆಂಟ್ ಬೇಡ. ಆದರೆ ನೀರು ತಿರುಗದಿದ್ದಾಗ ಸುಣ್ಣ ಒಂದೇ ಕಡೆ ಬೀಳುತ್ತದೆ. ಹಾಗಾಗಿ ಗಾಲಿ ತಿರುಗಿಸಿ ನಿಲ್ಲಿಸಿದೆ.

ನಾಳೆ ಶನಿವಾರ, ನೀರು ಬದಲಿಸುವ ದಿನ. ಅಲ್ಲಿ ಮೂಲೆಯಲ್ಲಿರುವ ಬಿಳಿ ಡ್ರಮ್ ಅದಕ್ಕೇ. ಹೊಸದು. ತಂದ ದಿನವೇ ಅಪ್ಪ ಆಯಿಲ್ ಪೇಂಟಿನಲ್ಲಿ ಅದರ ಹೊಟ್ಟೆಯ ಮೇಲೆ ಬರೆದಿದ್ದಾರೆ, ಟಾರ್ಚ್ ಬಿಡ್ತೀನಿ ನೋಡಿ: 'ಮೀನಿಂದು. ಬೋರ್ಡೋಗೆ ಮುಟ್ಟಬಾರದು.'