ಓಬವ್ವ, ಕಿಂಡಿಯ ಬಳಿ: ಕೋಟೆ ಹತ್ತುತ್ತಾ ಒಂದು ಸ್ಟಾರ್ ಟ್ರೆಕ್ ಜಗಳ

ಎಲ್ಲರಿಗೂ ನಮಸ್ಕಾರ. ಇವತ್ತಿನ ವ್ಲಾಗ್ ಚಿತ್ರದುರ್ಗದ ಕೋಟೆಯಿಂದ. ಆದರೆ ಕೋಟೆ ತೋರಿಸುವ ವ್ಲಾಗ್ ಅಲ್ಲ, ಅದು ಈಗಾಗಲೇ ಬೇಕಾದಷ್ಟಿದೆ. ಬೆಳಗ್ಗೆಯಿಂದ ನಾವು ನಾಲ್ಕು ಜನ ಈ ಮೆಟ್ಟಿಲು ಹತ್ತುತ್ತಾ ಒಂದೇ ವಿಷಯಕ್ಕೆ ಜಗಳ ಆಡುತ್ತಿದ್ದೇವೆ. ಸ್ಟಾರ್ ಟ್ರೆಕ್‌ನಲ್ಲಿ ಎಲ್ಲಕ್ಕಿಂತ ಒಳ್ಳೆಯ ಎಪಿಸೋಡ್ ಯಾವುದು?

ನಾಲ್ಕು ಜನ ಅಂದರೆ ನಾನು, ನಮ್ಮ ಚಿಕ್ಕಪ್ಪ, ಚಿಕ್ಕಪ್ಪನ ಮಗಳು, ಅಂದರೆ ನಮ್ಮಕ್ಕ, ಮತ್ತೆ ದಾವಣಗೆರೆಯಿಂದ ಬೆಳಗಿನ ಬಸ್ಸಿಗೆ ಬಂದ ನನ್ನ ಗೆಳೆಯ. ಅವನು ಲಾ ಓದುತ್ತಿದ್ದಾನೆ. ಜಗಳದಲ್ಲಿ ಅದು ಬೇಗ ಗೊತ್ತಾಗುತ್ತದೆ.

ನೋಡದೇ ಇರುವವರಿಗೆ ಒಂದೆರಡು ಮಾತು. ಸ್ಟಾರ್ ಟ್ರೆಕ್ 1966ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾಯಿತು. ಹುಟ್ಟುಹಾಕಿದವರು ಜೀನ್ ರಾಡನ್‌ಬೆರಿ. ಎಂಟರ್‌ಪ್ರೈಸ್ ಅನ್ನುವ ಆಕಾಶನೌಕೆ, ಅದರ ಕ್ಯಾಪ್ಟನ್ ಕರ್ಕ್, ಹೊಸ ಹೊಸ ಲೋಕ, ವಾರಕ್ಕೊಂದು ಕಥೆ. ಮೊದಲ ಸರಣಿ ಮೂರೇ ಸೀಸನ್, 79 ಎಪಿಸೋಡ್. ಆಮೇಲೆ 1987ರಿಂದ 1994ರವರೆಗೆ ದ ನೆಕ್ಸ್ಟ್ ಜನರೇಷನ್ ಬಂತು, 178 ಎಪಿಸೋಡ್. ಅದರಾಚೆಗೂ ಸರಣಿ ಮೇಲೆ ಸರಣಿ. ಇಷ್ಟರಲ್ಲಿ ಒಂದನ್ನು ಆರಿಸು ಅಂದರೆ ಯಾರಿಗೂ ಸುಲಭ ಅಲ್ಲ. ಆದರೆ ನಮ್ಮಲ್ಲಿ ಪ್ರತಿಯೊಬ್ಬರೂ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು.

ಈಗ ಕಾಣುತ್ತಿರುವುದು ಮದ್ದು ಬೀಸುವ ಕಲ್ಲು. ಕೆಳಗೆ ಗುಂಡಿ, ಅದರೊಳಗೆ ಆಳೆತ್ತರದ ದುಂಡು ಕಲ್ಲುಗಳು. ಪಾಳೇಗಾರರ ಕಾಲದಲ್ಲಿ ತೋಪಿನ ಮದ್ದನ್ನು ಇಲ್ಲಿ ಅರೆಯುತ್ತಿದ್ದರು. ಚಿಕ್ಕಪ್ಪ ಇಲ್ಲಿ ನಿಂತವರು ಮುಂದಕ್ಕೆ ಹೆಜ್ಜೆ ಇಡಲೇ ಇಲ್ಲ. "ಗಂಧಕ, ಇದ್ದಿಲು, ಪೆಟ್ಲುಪ್ಪು. ಮೂರೇ ಸಾಮಾನು ಕಣಪ್ಪಾ. ಕರ್ಕ್ ಮಾಡಿದ್ದೂ ಇದನ್ನೇ" ಅಂದರು.

ಅವರ ಆಯ್ಕೆ ಅರೀನಾ. 1967ರ ಜನವರಿಯಲ್ಲಿ ಬಂದ ಎಪಿಸೋಡ್. ಚಿಕ್ಕಪ್ಪ ಅದನ್ನು ನೋಡಿದ್ದು 80ರ ದಶಕದಲ್ಲಿ, ದೂರದರ್ಶನದಲ್ಲಿ, ಪಕ್ಕದ ಮನೆಯ ಬ್ಲ್ಯಾಕ್ ಅಂಡ್ ವೈಟ್ ಟಿವಿಯಲ್ಲಿ. ಕ್ಯಾಪ್ಟನ್ ಕರ್ಕ್‌ನನ್ನೂ ಹಲ್ಲಿಯಂಥ ಗಾರ್ನ್ ಒಬ್ಬನನ್ನೂ ಬಂಡೆಗಳ ಮಧ್ಯೆ ಬಿಟ್ಟು, ಹೊಡೆದಾಡಿ ಅನ್ನುತ್ತಾರೆ. ಕೈಯಲ್ಲಿ ಆಯುಧ ಇಲ್ಲ. ಕರ್ಕ್ ಸುತ್ತಮುತ್ತ ಸಿಕ್ಕಿದ್ದನ್ನೇ ಕುಟ್ಟಿ ಪುಡಿ ಮಾಡಿ, ಬಿದಿರಿನ ಗಳಕ್ಕೆ ತುಂಬಿ, ವಜ್ರದ ಹರಳುಗಳನ್ನೇ ಗುಂಡಾಗಿ ಹಾಕಿ ಹಾರಿಸುತ್ತಾನೆ. ಗಾರ್ನ್ ನೆಲಕ್ಕೆ ಬೀಳುತ್ತಾನೆ. ಕೊಲ್ಲುವ ಅವಕಾಶ ಇದೆ. ಕರ್ಕ್ ಕೊಲ್ಲುವುದಿಲ್ಲ. ಗಾರ್ನ್‌ಗಳ ಜಾಗಕ್ಕೆ ನಾವೇ ನುಗ್ಗಿದ್ದೇವೇನೋ, ಇವನು ತನ್ನ ಮನೆ ಕಾಯುತ್ತಿದ್ದನೇನೋ ಅನ್ನುವ ಯೋಚನೆ ಅವನಿಗೆ ಬಂದಿರುತ್ತದೆ.

ಅದನ್ನು ಶೂಟ್ ಮಾಡಿದ್ದು ಕ್ಯಾಲಿಫೋರ್ನಿಯಾದ ವಾಸ್ಕೆಜ್ ರಾಕ್ಸ್‌ನಲ್ಲಿ. ಆ ಬಂಡೆಗಳು ಮರಳುಗಲ್ಲು, ಓರೆಯಾಗಿ ಆಕಾಶಕ್ಕೆ ಚಾಚಿಕೊಂಡಿವೆ. ನಮ್ಮ ದುರ್ಗದವು ದುಂಡು ಬಂಡೆ, ಒಂದರ ಮೇಲೊಂದು ಕೂತವು. ಆದರೂ ಚಿಕ್ಕಪ್ಪನಿಗೆ ಹುಡುಗನಾಗಿದ್ದಾಗ ಎರಡೂ ಒಂದೇ ಜಾಗ ಅನ್ನಿಸಿತ್ತಂತೆ. ಶಾಲೆ ಬಿಟ್ಟ ಮೇಲೆ ಇಲ್ಲಿಗೆ ಬಂದು ಗಾರ್ನ್ ಹುಡುಕುತ್ತಿದ್ದರಂತೆ. ಕೋಟೆ ಕಾಯುವವನ ಕಡೆಯಿಂದ ಕಥೆ ಕೇಳಿ ಬೆಳೆದ ಹುಡುಗನಿಗೆ ಗಾರ್ನ್ ಮೇಲೆ ಕರುಣೆ ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

ಗೆಳೆಯನದು ನೆಕ್ಸ್ಟ್ ಜನರೇಷನ್‌ನ ದ ಮೆಷರ್ ಆಫ್ ಎ ಮ್ಯಾನ್, 1989ರದ್ದು. ಡೇಟಾ ಅನ್ನುವ ಯಂತ್ರಮಾನವ ಒಬ್ಬ ವ್ಯಕ್ತಿಯೋ, ಸರ್ಕಾರದ ಸ್ವತ್ತೋ ಅನ್ನುವ ವಿಚಾರಣೆ. ಬರೆದ ಮೆಲಿಂಡಾ ಸ್ನಾಡ್‌ಗ್ರಾಸ್ ಮೊದಲು ವಕೀಲೆಯಾಗಿದ್ದವರು. ಡೇಟಾನ ಸ್ನೇಹಿತ ರೈಕರ್‌ನೇ ಅವನ ವಿರುದ್ಧ ವಾದಿಸಬೇಕಾಗುತ್ತದೆ. ಅವನು ಎಲ್ಲರೆದುರು ಡೇಟಾನ ಸ್ವಿಚ್ ಆಫ್ ಮಾಡುವ ಆ ಕ್ಷಣ ಇದೆಯಲ್ಲ, ಅಬ್ಬಾ. ಒಳ್ಳೆಯ ಎಪಿಸೋಡ್, ಎರಡು ಮಾತಿಲ್ಲ. ಆದರೆ ನಮ್ಮ ಹುಡುಗ ಅದನ್ನು ಪರೀಕ್ಷೆಗೆ ಉತ್ತರ ಬರೆದ ಹಾಗೆ ವಿವರಿಸುತ್ತಾ ಹೋದ. ಅಷ್ಟರಲ್ಲಿ ಗೋಪಾಲಸ್ವಾಮಿ ಹೊಂಡ ಬಂತು.

ಇಲ್ಲಿ ಅಕ್ಕ ಮಾತು ಶುರು ಮಾಡಿದಳು. ಅವಳ ಎಪಿಸೋಡ್ ದಿ ಇನ್ನರ್ ಲೈಟ್. ಇದು ನನಗೂ ಕಷ್ಟದ ಪ್ರಶ್ನೆ.

ನೆಕ್ಸ್ಟ್ ಜನರೇಷನ್‌ನ ಐದನೇ ಸೀಸನ್‌ದು, 1992ರ ಜೂನ್ 1ರಂದು ಬಂದದ್ದು. ಮೂಲ ಕಥೆ ಮಾರ್ಗನ್ ಗೆಂಡೆಲ್ ಅವರದ್ದು, ಮರುವರ್ಷ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಬಂತು. ಆಕಾಶದಲ್ಲಿ ತೇಲುತ್ತಿದ್ದ ಒಂದು ಯಂತ್ರ ಕ್ಯಾಪ್ಟನ್ ಪಿಕಾರ್ಡ್‌ನ ಮನಸ್ಸನ್ನು ಹಿಡಿದುಕೊಳ್ಳುತ್ತದೆ. ಹಡಗಿನಲ್ಲಿ ಅರ್ಧ ಗಂಟೆಯೂ ಕಳೆದಿರುವುದಿಲ್ಲ. ಅವನು ಮಾತ್ರ ಕಟಾನ್ ಅನ್ನುವ ಲೋಕದಲ್ಲಿ, ರೆಸಿಕ್ ಅನ್ನುವ ಊರಿನಲ್ಲಿ, ಕಾಮಿನ್ ಎಂಬ ಹೆಸರಿನಲ್ಲಿ ಒಂದು ಇಡೀ ಬಾಳು ಬಾಳುತ್ತಾನೆ. ಹೆಂಡತಿ, ಇಬ್ಬರು ಮಕ್ಕಳು, ಮೊಮ್ಮಗ. ಮಗನ ಪಾತ್ರ ಮಾಡಿದವನು ಪಿಕಾರ್ಡ್ ಆಗಿ ನಟಿಸಿದ ಪ್ಯಾಟ್ರಿಕ್ ಸ್ಟೀವರ್ಟ್ ಅವರ ಸ್ವಂತ ಮಗ. ಆ ಊರಿಗೆ ಬರಗಾಲ ಹಿಡಿದಿರುತ್ತದೆ. ಮಣ್ಣು ವರ್ಷ ವರ್ಷ ಸತ್ತು ಹೋಗುತ್ತಿರುತ್ತದೆ. ಕೊನೆಗೆ ಗೊತ್ತಾಗುತ್ತದೆ, ಆ ಜನ ಇಲ್ಲವಾಗಿ ಸಾವಿರ ವರ್ಷ ಆಗಿದೆ. ತಾವು ಇದ್ದೆವು ಅಂತ ಯಾರಿಗಾದರೂ ತಿಳಿಯಲಿ ಎಂದು ಆ ಯಂತ್ರ ಕಳಿಸಿರುತ್ತಾರೆ. ಪಿಕಾರ್ಡ್ ಕೈಗೆ ಉಳಿಯುವುದು ಅವನು ಅಲ್ಲಿ ನುಡಿಸಲು ಕಲಿತ ಕೊಳಲು. ಶೂಟಿಂಗಿಗೆ ಬಳಸಿದ ಆ ಕೊಳಲು 2006ರ ಕ್ರಿಸ್ಟೀಸ್ ಹರಾಜಿನಲ್ಲಿ 48,000 ಡಾಲರ್‌ಗೆ ಹೋಯಿತು.

ಅಕ್ಕನ ತಾಯಿಯ ತವರು ಹಿರಿಯೂರು. ಅವಳ ಅಜ್ಜ 1933ರಲ್ಲಿ ಮಾರಿಕಣಿವೆ ಜಲಾಶಯ, ಅಂದರೆ ವಾಣಿ ವಿಲಾಸ ಸಾಗರ, ಕೋಡಿ ಬಿದ್ದದ್ದರ ಬಗ್ಗೆ ಹೇಳುತ್ತಲೇ ಇದ್ದರಂತೆ. ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಧ್ಯೆ 89 ವರ್ಷ. ಅಷ್ಟರಲ್ಲಿ ಅಜ್ಜ ಇರಲಿಲ್ಲ. "ನೀರು ಹರಿಯುವುದನ್ನು ನೋಡ್ತಾ ನಿಂತಿದ್ದೆ. ಇದು ನಾನು ಮೊದಲೇ ನೋಡಿದ್ದು ಅನ್ನಿಸ್ತು. ಅಜ್ಜ ಅಷ್ಟು ಸಲ ಹೇಳಿದ್ದರು. ಕಾಮಿನ್ ಕಥೆ ಅಂದ್ರೆ ಇದೇ ಅಲ್ವಾ?" ಅಂದಳು. ಚಿಕ್ಕಪ್ಪ ಕೂಡ ಸುಮ್ಮನಾದರು.

ಇಷ್ಟೆಲ್ಲ ಕೇಳಿದ ಮೇಲೂ ನಾನು ಪಟ್ಟು ಬಿಡಲಿಲ್ಲ. ನನ್ನ ಎಪಿಸೋಡ್ ಡಾರ್ಮಾಕ್. ಅದನ್ನು ಹೇಳುವುದಕ್ಕೇ ನಾನು ಇವರನ್ನೆಲ್ಲ ಇಲ್ಲಿವರೆಗೆ, ಓಬವ್ವನ ಕಿಂಡಿಯವರೆಗೆ ಕರೆತಂದದ್ದು.

ಅದೂ ಅದೇ ಐದನೇ ಸೀಸನ್. 1991ರ ಸೆಪ್ಟೆಂಬರ್ ಕೊನೆಯಲ್ಲಿ ಬಂತು. ಟಮೇರಿಯನ್ ಅನ್ನುವ ಜನ ಇದ್ದಾರೆ. ಅವರ ಒಂದೊಂದು ಪದವನ್ನೂ ಹಡಗಿನ ಕಂಪ್ಯೂಟರ್ ಅನುವಾದ ಮಾಡಿಕೊಡುತ್ತದೆ. ಆದರೂ ಅವರು ಏನು ಹೇಳುತ್ತಿದ್ದಾರೆ ಅಂತ ಒಬ್ಬರಿಗೂ ತಿಳಿಯುವುದಿಲ್ಲ. "ಶಾಕಾ, ಗೋಡೆಗಳು ಬಿದ್ದಾಗ." "ಟೆಂಬಾ, ತೋಳು ಚಾಚಿ." ಯಾರು ಶಾಕಾ? ಯಾವ ಗೋಡೆ? ಅವರು ಪ್ರತಿಯೊಂದನ್ನೂ ತಮ್ಮ ಕಥೆಗಳ ಮೂಲಕವೇ ಹೇಳುತ್ತಾರೆ. ಕಥೆ ಗೊತ್ತಿಲ್ಲದವನಿಗೆ ಏನೂ ಗೊತ್ತಾಗುವುದಿಲ್ಲ.

ಅವರ ಕ್ಯಾಪ್ಟನ್ ಡೇಥಾನ್. ಪಾತ್ರ ಮಾಡಿದವರು ಪಾಲ್ ವಿನ್‌ಫೀಲ್ಡ್. ಅಷ್ಟು ದಪ್ಪ ಮೇಕಪ್ಪಿನ ಹಿಂದೆ ಅವರ ಕಣ್ಣು ಮಾತ್ರ ಕಾಣುತ್ತದೆ, ಆ ಕಣ್ಣೇ ಸಾಕು. ಡೇಥಾನ್ ಪಿಕಾರ್ಡ್‌ನನ್ನು ಕೆಳಗಿನ ಗ್ರಹಕ್ಕೆ ಎಳೆದುಕೊಂಡು ಹೋಗಿ ಅವನತ್ತ ಒಂದು ಕಠಾರಿ ಚಾಚುತ್ತಾನೆ. ಪಿಕಾರ್ಡ್ ಕಾಳಗಕ್ಕೆ ಕರೆಯುತ್ತಿದ್ದಾನೆ ಅಂದುಕೊಳ್ಳುತ್ತಾನೆ. ಹಾಗಲ್ಲ. ಅಲ್ಲೊಂದು ಭಯಂಕರ ಪ್ರಾಣಿ ಇದೆ, ಇಬ್ಬರೂ ಸೇರಿ ಎದುರಿಸಬೇಕು. ಡಾರ್ಮಾಕ್ ಮತ್ತು ಜಲಾಡ್ ಅನ್ನುವ ಇಬ್ಬರು ಅಪರಿಚಿತರು ತನಾಗ್ರಾ ದ್ವೀಪದಲ್ಲಿ ಹೀಗೇ ಸ್ನೇಹಿತರಾಗಿರುತ್ತಾರೆ. ರಾತ್ರಿ ಚಳಿ. ಪಿಕಾರ್ಡ್ ಹಚ್ಚಿದ ಬೆಂಕಿ ಹತ್ತುವುದಿಲ್ಲ. ಡೇಥಾನ್ ತನ್ನ ಬೆಂಕಿಯಿಂದ ಒಂದು ಕೊಳ್ಳಿ ತೆಗೆದು ಅವನತ್ತ ಎಸೆಯುತ್ತಾನೆ. "ಟೆಂಬಾ, ತೋಳು ಚಾಚಿ." ತಗೋ, ಕೊಡ್ತಿದ್ದೀನಿ ಅಂತ.

ಇದನ್ನು ಹೇಳುತ್ತಿದ್ದ ಹಾಗೇ ಅಕ್ಕ ನೀರಿನ ಬಾಟಲಿ ಚಿಕ್ಕಪ್ಪನ ಮುಂದೆ ಹಿಡಿದು, "ಶಬರಿ, ಹಣ್ಣು ಹಿಡಿದು" ಅಂದಳು. ಅಲ್ಲಿಂದ ಶುರುವಾಯಿತು ಆಟ. ಗೆಳೆಯ ಬಂಡೆಯಿಂದ ಇಳಿಯಲಾಗದೆ ನಿಂತು, "ಅಭಿಮನ್ಯು, ಚಕ್ರವ್ಯೂಹದ ಒಳಗೆ" ಅಂದ. ನನ್ನ ಕ್ಯಾಮೆರಾದ ಬ್ಯಾಟರಿ ಕೈ ಕೊಟ್ಟಾಗ ಚಿಕ್ಕಪ್ಪ ಗಂಭೀರವಾಗಿ, "ಕರ್ಣ, ರಥದ ಗಾಲಿ ಹೂತಾಗ" ಅಂದರು. ಯಾರಿಗೂ ಅರ್ಥ ಬಿಡಿಸಬೇಕಾಗಲಿಲ್ಲ. ನಾವು ದಿನಾ ಹೀಗೇ ಮಾತಾಡುತ್ತೇವೆ. ಮನೆಯಲ್ಲಿ ಯಾರಾದರೂ ಬಹಳ ಹೊತ್ತು ಮಲಗಿದರೆ ಕುಂಭಕರ್ಣ ಸಾಕು, ಬೇರೆ ಮಾತೇ ಬೇಡ.

ಆದರೆ ಲಾ ಓದುವ ಹುಡುಗ ಬಿಡುತ್ತಾನಾ? ಡಾರ್ಮಾಕ್ ಬಗ್ಗೆ ಅಭಿಮಾನಿಗಳು ಬಹಳ ಕಾಲದಿಂದ ಎತ್ತುವ ಪ್ರಶ್ನೆಯನ್ನೇ ಎತ್ತಿದ. ಮಾತೆಲ್ಲ ಕಥೆಯೇ ಆದರೆ ಮಗುವಿಗೆ ಮೊದಲ ಕಥೆ ಹೇಳುವುದು ಹೇಗೆ? ಅದಕ್ಕೆ ಮಾಮೂಲಿ ಮಾತು ಬೇಕಲ್ವಾ? ಹಡಗಿನ ಎಂಜಿನ್ ರಿಪೇರಿ ಮಾಡುವವನು 12 ನಂಬರ್ ಸ್ಪ್ಯಾನರ್ ಕೊಡು ಅಂತ ಹೇಗೆ ಕೇಳುತ್ತಾನೆ?

ಈಗ ಪರದೆಯ ಮೇಲೆ ಬರೀ ಬಂಡೆ ಕಾಣುತ್ತಿದೆ. ಬೇರೆಯವರ ಮಗುವನ್ನು ತೋರಿಸುವುದು ಬೇಡ ಅಂತ ಕ್ಯಾಮೆರಾ ತಿರುಗಿಸಿದ್ದೆ. ಎರಡು ಬಂಡೆಗಳ ನಡುವಿನ ಆ ಸಂದು ನೋಡಿ. ಒಬ್ಬರು ಮೈ ಕುಗ್ಗಿಸಿಕೊಂಡು, ತಲೆ ಮುಂದೆ ಮಾಡಿಕೊಂಡೇ ಬರಬೇಕು. ಪಕ್ಕದಲ್ಲೇ ತಣ್ಣೀರು ದೋಣಿ. ಓಬವ್ವ ನೀರಿಗೆ ಬಂದದ್ದು ಅಲ್ಲಿಗೆ ಅನ್ನುತ್ತಾರೆ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ ಹೊತ್ತು, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಈ ಸಂದಿನಲ್ಲಿ ನುಸುಳುತ್ತಿದ್ದರು, ಅವಳು ಒನಕೆ ಹಿಡಿದು ನಿಂತಳು.

ಅಲ್ಲೊಬ್ಬ ಅಜ್ಜ ಮೊಮ್ಮಗಳಿಗೆ ಅದನ್ನು ತೋರಿಸುತ್ತಿದ್ದರು. ಹೇಳುತ್ತಿದ್ದರು ಅನ್ನುವುದಕ್ಕಿಂತ ತೋರಿಸುತ್ತಿದ್ದರು. ಮಗುವಿಗೆ ಇನ್ನೂ ಮಾತು ಸರಿಯಾಗಿ ಬರುತ್ತಿರಲಿಲ್ಲ. ಹೈದರಾಲಿ ಯಾರು, ಸೈನ್ಯ ಅಂದರೇನು, ಅದಕ್ಕೇನು ಗೊತ್ತು? ಅಜ್ಜ ಬಗ್ಗಿ, ಸಂದಿನಿಂದ ತಲೆ ಹೊರಗೆ ಹಾಕಿ, "ಹಿಂಗೆ ಬಂದ" ಅಂದರು. ಎದ್ದು ನಿಂತು, ಮಡಚಿದ ಕೊಡೆಯನ್ನು ಎರಡೂ ಕೈಯಲ್ಲಿ ಮೇಲೆತ್ತಿ, "ಓಬವ್ವ ಹಿಂಗೆ!" ಅಂದರು. ಮಗು ಕೊಡೆ ಕಿತ್ತುಕೊಂಡಿತು. ತನಗಿಂತ ಉದ್ದದ ಕೊಡೆ, ಎತ್ತಲು ಆಗುತ್ತಿಲ್ಲ. ಆದರೂ ಎತ್ತಿ, "ಓಬವ್ವಾ" ಅಂತ ಕೂಗಿತು.

ನಾನು ಗೆಳೆಯನ ಕಡೆ ತಿರುಗಿ, ನೋಡಪ್ಪಾ, ನಿನ್ನ ಪ್ರಶ್ನೆಗೆ ಉತ್ತರ ಅಂದೆ. ಮೊದಲ ಕಥೆಯನ್ನು ಹೇಳುವುದಿಲ್ಲ, ಆಡಿಸುತ್ತಾರೆ. ಕಥೆ ನಡೆದ ಜಾಗಕ್ಕೇ ಕರೆದುಕೊಂಡು ಹೋಗುತ್ತಾರೆ. ಆ ಮಗುವಿಗೆ ಇನ್ನು ಮೇಲೆ ಓಬವ್ವ ಅಂದರೆ ಎರಡೂ ಕೈ ಮೇಲೆತ್ತಿ ನಿಲ್ಲುವುದು. ಇಸವಿ, ಹೆಸರು, ಯುದ್ಧ ಎಲ್ಲ ಆಮೇಲೆ ಬರುತ್ತದೆ. ಡೇಥಾನ್ ಮಾಡಿದ್ದು ಇದನ್ನೇ ತಾನೇ? ಮಾತಿನಲ್ಲಿ ಹೇಳಲಾಗದ್ದಕ್ಕೆ ಪಿಕಾರ್ಡ್‌ನನ್ನು ಕರೆತಂದು, ಕೈಗೆ ಕಠಾರಿ ಕೊಟ್ಟು, ಡಾರ್ಮಾಕ್ ಮತ್ತು ಜಲಾಡ್ ಕಥೆಯೊಳಗೇ ನಿಲ್ಲಿಸಿದ. ಅಭಿಮಾನಿಗಳ ಪ್ರಶ್ನೆಗೆ ಎಪಿಸೋಡಿನಲ್ಲೇ ಉತ್ತರ ಇದೆ. ಸ್ಪ್ಯಾನರ್ ವಿಷಯಕ್ಕೂ ದೂರ ಹೋಗಬೇಕಿಲ್ಲ. ಯಾವುದಾದರೂ ಗ್ಯಾರೇಜಿಗೆ ಹೋಗಿ ನೋಡಿ. ಮೇಸ್ತ್ರಿ ಗಾಡಿಯ ಕೆಳಗಿನಿಂದ ಸುಮ್ನೆ ಕೈ ಚಾಚುತ್ತಾನೆ, ಹುಡುಗ ಸರಿಯಾದ ಸ್ಪ್ಯಾನರ್ರೇ ಇಡುತ್ತಾನೆ.

ಅಕ್ಕನ ಎಪಿಸೋಡಿಗಿಂತ ಇದನ್ನು ನಾನು ಮೇಲಿಡುವುದೂ ಇದೇ ಕಾರಣಕ್ಕೆ. ದಿ ಇನ್ನರ್ ಲೈಟ್‌ನಲ್ಲಿ ಕೆಲಸ ಎಲ್ಲ ಯಂತ್ರದ್ದು. ಪಿಕಾರ್ಡ್‌ಗೆ ಬೇಡ ಅನ್ನುವ ಅವಕಾಶವೇ ಇಲ್ಲ. ಡಾರ್ಮಾಕ್‌ನಲ್ಲಿ ಇಬ್ಬರೂ ಒದ್ದಾಡುತ್ತಾರೆ. ಒಬ್ಬ ಹೇಳಲು, ಒಬ್ಬ ತಿಳಿದುಕೊಳ್ಳಲು. ಹಡಗಿನವರು ತಪ್ಪು ಹೊತ್ತಿನಲ್ಲಿ ಪಿಕಾರ್ಡ್‌ನನ್ನು ಮೇಲಕ್ಕೆಳೆಯಲು ಹೋಗಿ ಡೇಥಾನ್ ಒಂಟಿಯಾಗಿ ಪ್ರಾಣಿಗೆ ಸಿಕ್ಕಿ ಸಾಯುವ ಸ್ಥಿತಿಗೆ ಬರುತ್ತಾನೆ. ಆ ರಾತ್ರಿ ಪಿಕಾರ್ಡ್ ಅವನ ಪಕ್ಕದಲ್ಲಿ ಕೂತು ನಮ್ಮ ಭೂಮಿಯ ಕಥೆಯೊಂದನ್ನು ಹೇಳುತ್ತಾನೆ. ಗಿಲ್ಗಮೇಶ್ ಮತ್ತು ಎಂಕಿಡು, ಹೊಡೆದಾಡಿ ಸ್ನೇಹಿತರಾದವರು, ಒಬ್ಬ ಸತ್ತಾಗ ಇನ್ನೊಬ್ಬ ಅತ್ತವನು. ಡೇಥಾನ್‌ಗೆ ಎಷ್ಟು ತಿಳಿಯಿತೋ. ಆದರೂ ಪೂರ್ತಿ ಕೇಳುತ್ತಾನೆ. ಕೊನೆಗೆ ಪಿಕಾರ್ಡ್ ಮೇಲಕ್ಕೆ ಬಂದು ಟಮೇರಿಯನ್ನರಿಗೆ ಅವರದೇ ರೀತಿಯಲ್ಲಿ ಸುದ್ದಿ ಮುಟ್ಟಿಸುತ್ತಾನೆ. ಅವರ ಭಾಷೆಗೆ ಅವತ್ತು ಒಂದು ಹೊಸ ಮಾತು ಸೇರುತ್ತದೆ: ಪಿಕಾರ್ಡ್ ಮತ್ತು ಡೇಥಾನ್, ಎಲ್-ಅಡ್ರೆಲ್‌ನಲ್ಲಿ. ಎಷ್ಟು ಸಲ ನೋಡಿದರೂ ಅಲ್ಲಿಗೆ ಬಂದಾಗ ನನಗೆ ಗಂಟಲು ಕಟ್ಟುತ್ತದೆ.

ಕೆಳಗಿಳಿದು ಮಿರ್ಚಿ ಮಂಡಕ್ಕಿ ತಿನ್ನುತ್ತಾ ಚಿಕ್ಕಪ್ಪ ಒಂದು ಪ್ರಶ್ನೆ ಕೇಳಿದರು. ಅವರು ನೆಕ್ಸ್ಟ್ ಜನರೇಷನ್ ನೋಡಿಯೇ ಇಲ್ಲ. ಎಲ್ಲಿಂದ ಶುರು ಮಾಡಲಿ? ನಿಮ್ಮಲ್ಲಿ ಹೊಸಬರಿಗೂ ಇದೇ ಉತ್ತರ. ಮೊದಲ ಸೀಸನ್ನಿಂದ ಬೇಡ, ಆಗಿನ್ನೂ ಸರಣಿಗೆ ಕಾಲೂರಲು ಆಗಿರಲಿಲ್ಲ. ಎರಡನೇ ಸೀಸನ್ನಿನ ದ ಮೆಷರ್ ಆಫ್ ಎ ಮ್ಯಾನ್ ನೋಡಿ. ಆಮೇಲೆ 1990ರ ದ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್, ಎರಡೂ ಭಾಗ. ಅದರ ಬೆನ್ನಿಗೇ ಬರುವ ಫ್ಯಾಮಿಲಿ ದಯವಿಟ್ಟು ಬಿಡಬೇಡಿ. ಅಷ್ಟು ದೊಡ್ಡ ಯುದ್ಧದಲ್ಲಿ ನುಜ್ಜುಗುಜ್ಜಾದ ಕ್ಯಾಪ್ಟನ್ ಊರಿಗೆ ಹೋಗಿ ಅಣ್ಣನ ಜೊತೆ ಕೆಸರಿನಲ್ಲಿ ಹೊರಳಾಡಿ ಅಳುವ ಎಪಿಸೋಡ್ ಅದು. ಅದಾದ ಮೇಲೆ ಐದನೇ ಸೀಸನ್.

ಚಿಕ್ಕಪ್ಪ ಒಪ್ಪಿದರು, ಒಂದು ಷರತ್ತಿನ ಮೇಲೆ: ನಾವೆಲ್ಲ ಅರೀನಾ ಇನ್ನೊಂದು ಸಲ ನೋಡಬೇಕು. ಸರಿ ಅಂದೆವು. ಮುಂದಿನ ಭಾನುವಾರ ಅವರ ಮನೆಯಲ್ಲಿ ಮೊದಲು ಅರೀನಾ, ಆಮೇಲೆ ಡಾರ್ಮಾಕ್. ಅಕ್ಕನ ಎಪಿಸೋಡ್ ಕೊನೆಗೆ. ಅದು ಮುಗಿದ ಮೇಲೆ ಜಗಳ ಆಡಲು ಯಾರಿಗೂ ಆಗುವುದಿಲ್ಲ.