ಕತ್ತರಿ ಬೀಳಬೇಕಾದ ಜಾಗ

ಮಾನ್ಯ ಅಧ್ಯಕ್ಷರೆ, ಸಭಿಕರೆ,

ಟಿ.ವಿ. ಜಾಹೀರಾತುಗಳಲ್ಲಿ ಬರುವ ಲೈಂಗಿಕ ದೃಶ್ಯಗಳಿಗೆ ಸೆನ್ಸಾರ್ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಇಂದು ನನ್ನ ಮುಂದಿಟ್ಟಿದ್ದೀರಿ. ಸುತ್ತಿ ಬಳಸದೆ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಸಾರಕ್ಕೆ ಮುನ್ನ ಸರ್ಕಾರದ ಅಧಿಕಾರಿಯೊಬ್ಬರು ಕುಳಿತು ಕತ್ತರಿ ಆಡಿಸುವುದನ್ನು ನಾನು ಒಪ್ಪುವುದಿಲ್ಲ. ಹಾಗೆಂದು ಜಾಹೀರಾತುದಾರರು ಮನಸ್ಸಿಗೆ ಬಂದದ್ದನ್ನು ತೋರಿಸಲಿ ಎಂದೂ ಹೇಳಲಾರೆ. ಕಡಿವಾಣ ಬೇಕೇ ಬೇಕು. ನನ್ನ ತಕರಾರು ಇರುವುದು ನಾವು ಬಳಸುತ್ತಿರುವ ಅಳತೆಗೋಲಿನ ಬಗ್ಗೆ. ಎಷ್ಟು ಮೈ ಕಾಣಿಸಿತು ಎಂದು ಅಳೆಯುತ್ತಾ ಕುಳಿತಿದ್ದೇವೆ. ಆ ಮೈಯ ಒಳಗಿರುವ ವ್ಯಕ್ತಿಯನ್ನು ಜಾಹೀರಾತು ಮನುಷ್ಯರೆಂದು ಕಂಡಿತೇ ಎಂದು ಕೇಳುವವರು ಕಡಿಮೆ.

ಜಾಹೀರಾತಿಗೇ ಏಕೆ ಬೇರೆ ನಿಯಮ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಾದಂಬರಿಯನ್ನೋ ಸಿನಿಮಾವನ್ನೋ ನಾವು ಆರಿಸಿಕೊಳ್ಳುತ್ತೇವೆ. ಹಿಡಿಸದಿದ್ದರೆ ಪುಸ್ತಕ ಮುಚ್ಚುತ್ತೇವೆ, ಚಿತ್ರಮಂದಿರದಿಂದ ಎದ್ದು ಬರುತ್ತೇವೆ. ಅಲ್ಲಿ ಲೈಂಗಿಕತೆ ಬಂದರೂ ಅದರ ಹಿಂದೆ ಒಂದು ಕಥೆ ಇರುತ್ತದೆ, ಪಾತ್ರದ ಒಳತೋಟಿ ಇರುತ್ತದೆ. ಜಾಹೀರಾತನ್ನು ಯಾರೂ ಆರಿಸಿಕೊಂಡಿರುವುದಿಲ್ಲ. ನೋಡಲು ಕುಳಿತದ್ದು ಸುದ್ದಿಗಾಗಿ ಅಥವಾ ಪಂದ್ಯಕ್ಕಾಗಿ, ನಡುವೆ ನುಗ್ಗುವುದು ಒಳಉಡುಪಿನ ಪ್ರಚಾರ. ಕುಳಿತವರಲ್ಲಿ ಎಂಟು ವರ್ಷದ ಮಗುವೂ ಇರಬಹುದು, ಎಂಬತ್ತರ ಅಜ್ಜಿಯೂ ಇರಬಹುದು. ಒಮ್ಮೆ ಬಂದು ಹೋದರೆ ಮರೆತುಬಿಡಬಹುದಿತ್ತು. ಅದೇ ದೃಶ್ಯ ಒಂದೇ ಸಂಜೆಯಲ್ಲಿ ಮತ್ತೆ ಮತ್ತೆ ಬರುತ್ತದೆ, ವಾರಗಟ್ಟಲೆ ಬರುತ್ತದೆ. ವ್ಯಾಪಾರದ ಮಾತಿಗೂ ವಾಕ್ ಸ್ವಾತಂತ್ರ್ಯದ ರಕ್ಷಣೆ ಇದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲಿ, ಭಾರತದ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿವೆ. ನಾನು ಅದನ್ನು ಗೌರವಿಸುತ್ತೇನೆ. ಆದರೆ ಕರೆಯದೆ ಮನೆಯೊಳಗೆ ಬರುವ, ಹಣ ಸುರಿದು ಬರುವ, ಬಿಡದೆ ಬರುವ ಮಾತು ತನಗೆ ಕಲೆಗಿರುವಷ್ಟೇ ಸ್ವಾತಂತ್ರ್ಯ ಬೇಕೆಂದು ಹಟ ಹಿಡಿದರೆ ಒಪ್ಪುವುದು ಕಷ್ಟ.

ಇನ್ನೊಂದು ವ್ಯತ್ಯಾಸವೂ ಇದೆ. ಜಾಹೀರಾತಿನಲ್ಲಿ ಆಕಸ್ಮಿಕವಾಗಿ ನಡೆಯುವುದು ಏನೂ ಇಲ್ಲ. ಸೆಕೆಂಡಿಗೆ 25 ಚೌಕಟ್ಟುಗಳ ಲೆಕ್ಕ ಹಿಡಿದರೆ 30 ಸೆಕೆಂಡಿನ ಒಂದು ಜಾಹೀರಾತಿಗೆ 750 ಚೌಕಟ್ಟುಗಳಾಗುತ್ತವೆ. ಚಿತ್ರೀಕರಣಕ್ಕೆ ಮೊದಲೇ ಪ್ರತಿಯೊಂದು ಶಾಟನ್ನೂ ಕಾಗದದ ಮೇಲೆ ಬರೆದು, ಕಂಪನಿಯವರಿಗೆ ತೋರಿಸಿ, ಒಪ್ಪಿಗೆ ಪಡೆದಿರುತ್ತಾರೆ. ನೀವೆಲ್ಲ ನೋಡಿರುವ ಒಂದು ಮಾದರಿಯನ್ನು ನೆನಪಿಸಿಕೊಳ್ಳಿ. ಮೊದಲ ಶಾಟ್‌ನಲ್ಲಿ ಹಿಮ್ಮಡಿ. ಎರಡನೆಯದರಲ್ಲಿ ಕ್ಯಾಮೆರಾ ಕಾಲಿನ ಮೇಲೆ ನಿಧಾನವಾಗಿ ಏರುತ್ತದೆ. ಮೂರನೆಯದು ಸೊಂಟ, ನಾಲ್ಕನೆಯದು ಭುಜ ಮತ್ತು ಕೊರಳು, ಆಮೇಲೆ ಅರೆತೆರೆದ ತುಟಿ. ನಡುನಡುವೆ ಒಬ್ಬ ಗಂಡಸಿನ ಮುಖ ಬರುತ್ತದೆ, ಅದು ಪೂರ್ತಿ ಮುಖ, ಕಣ್ಣುಗಳೂ ಸೇರಿದಂತೆ. ಅವನು ನೋಡುತ್ತಿದ್ದಾನೆ, ಅವನಿಗೆ ಆಸೆ ಇದೆ, ಬೇಕು ಬೇಡಗಳಿವೆ. ಅವಳ ಕಣ್ಣುಗಳು ಕಾಣುವುದು ಕೊನೆಗೆ, ಅದೂ ಕಂಡರೆ. ಕಡೆಯ ಮೂರು ಸೆಕೆಂಡಿನಲ್ಲಿ ಬಾಟಲಿ ಬರುತ್ತದೆ. ಅದು ಬಾಡಿ ಸ್ಪ್ರೇಯೋ, ಬಣ್ಣವೋ, ಬ್ಯಾಟರಿಯೋ ಎಂಬುದು ಅಲ್ಲಿಯವರೆಗೆ ಯಾರಿಗೂ ತಿಳಿದಿರುವುದಿಲ್ಲ. ಇದರಲ್ಲಿ ನನ್ನನ್ನು ಕಾಡುವುದು ಕಾಣಿಸಿದ ಚರ್ಮಕ್ಕಿಂತ ಹೆಚ್ಚಾಗಿ ಆ ಸಂಕಲನ. ಒಬ್ಬ ಹೆಣ್ಣನ್ನು ತುಂಡು ತುಂಡಾಗಿ ತೋರಿಸಿ, ತುಂಡುಗಳಿಗೆ ಬೆಲೆ ಕಟ್ಟಿ, ಇಡೀ ಹೆಣ್ಣನ್ನು ಕಡೆಯವರೆಗೂ ತೋರಿಸದಿರುವ ಆ ಲೆಕ್ಕಾಚಾರ.

ಎಷ್ಟು ಮೈ ಕಾಣಿಸಿತು ಎಂಬ ಅಳತೆಗೋಲು ಎಷ್ಟು ಪೊಳ್ಳು ಎನ್ನುವುದಕ್ಕೆ ಎರಡು ಪ್ರಸಂಗಗಳನ್ನು ಹೇಳುತ್ತೇನೆ.

1995ರಲ್ಲಿ ಅಮೆರಿಕದಲ್ಲಿ ಕ್ಯಾಲ್ವಿನ್ ಕ್ಲೈನ್ ಕಂಪನಿ ಜೀನ್ಸ್ ಮಾರಲು ಒಂದು ಜಾಹೀರಾತು ಸರಣಿ ಮಾಡಿತು. ಮರದ ಹಲಗೆ ಹೊದಿಸಿದ ಗೋಡೆಯ ಅಗ್ಗದ ಕೋಣೆ. ಎಳೆ ಮುಖದ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. ತೆರೆಯ ಆಚೆಯಿಂದ ವಯಸ್ಸಾದ ಗಂಡಸಿನ ದನಿಯೊಂದು ಅವರ ಮೈಯ ಬಗ್ಗೆ, ಬಟ್ಟೆಯ ಬಗ್ಗೆ ಪ್ರಶ್ನೆ ಕೇಳುತ್ತದೆ. ಅವರು ಮುಜುಗರದಿಂದ ನಗುತ್ತಾರೆ. ನಗ್ನತೆ ಎಂಬುದು ಅಲ್ಲಿರಲಿಲ್ಲ. ಆದರೂ ನೋಡಿದವರಿಗೆ ಹೊಟ್ಟೆ ತೊಳಸಿತು, ಏಕೆಂದರೆ ಆ ಕೋಣೆ, ಆ ದನಿ, ಆ ಮುಜುಗರ ಎಲ್ಲವೂ ಅಶ್ಲೀಲ ಚಿತ್ರಗಳ ಚಿತ್ರೀಕರಣವನ್ನು ನೆನಪಿಸುತ್ತವೆ ಎಂಬುದು ದೊಡ್ಡವರಿಗೆ ಗೊತ್ತಿತ್ತು. ಪ್ರತಿಭಟನೆ ಎದ್ದಾಗ ಕಂಪನಿ ಅವನ್ನು ಹಿಂತೆಗೆದುಕೊಂಡಿತು. ಕೇಂದ್ರ ಮಟ್ಟದ ತನಿಖೆ ನಡೆದರೂ ಮೊಕದ್ದಮೆ ಹೂಡಲು ಏನೂ ಸಿಗಲಿಲ್ಲ.

ಎರಡನೆಯದು ಭಾರತದ್ದು, 2022ರ ಜೂನ್ ತಿಂಗಳದ್ದು. ಅಂಗಡಿಯೊಂದರಲ್ಲಿ ನಾಲ್ವರು ಯುವಕರು. ಕಪಾಟಿನಲ್ಲಿ ಉಳಿದಿರುವುದು ಒಂದೇ ಬಾಡಿ ಸ್ಪ್ರೇ. ನಾವು ನಾಲ್ವರು, ಇರುವುದು ಒಂದೇ, ಯಾರಿಗೆ ಎಂಬರ್ಥದ ಮಾತು ಅವರ ನಡುವೆ ನಡೆಯುತ್ತದೆ. ಅವರ ಮುಂದೆ ನಿಂತಿದ್ದ ಯುವತಿ ಆ ಮಾತು ತನ್ನ ಬಗ್ಗೆ ಎಂದು ತಿಳಿದು ಬೆಚ್ಚಿ ತಿರುಗುತ್ತಾಳೆ. ಆಮೇಲೆ ಬಾಟಲಿ ಕಾಣುತ್ತದೆ, ಎಲ್ಲರೂ ನಗಬೇಕು ಎಂಬ ಲೆಕ್ಕ. ಆಕೆ ಮೈತುಂಬ ಬಟ್ಟೆ ತೊಟ್ಟಿದ್ದಳು. ಚರ್ಮ ಅಳೆಯುವ ಯಾವ ಮಂಡಳಿಯ ಮುಂದಿಟ್ಟರೂ ಆ ಜಾಹೀರಾತು ಸಲೀಸಾಗಿ ಪಾಸಾಗುತ್ತಿತ್ತು. ಸಾಮೂಹಿಕ ಅತ್ಯಾಚಾರದ ಭಯವನ್ನು ತಮಾಷೆಯ ಸರಕಾಗಿ ಮಾಡಿ ಪಂದ್ಯದ ನಡುವೆ ತೋರಿಸಲಾಯಿತು. ಜನ ಕೆರಳಿದ ಮೇಲೆ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಅದನ್ನು ತೆಗೆಸಿತು. ಅಗತ್ಯ ಅನುಮತಿ ಪಡೆದೇ ಪ್ರಸಾರ ಮಾಡಿದ್ದೆವು ಎಂದು ಕಂಪನಿ ಕ್ಷಮಾಪಣೆಯ ಜೊತೆಗೇ ಹೇಳಿತು. ಆ ಹೇಳಿಕೆಯನ್ನು ಓದಿದಾಗ ಆದಷ್ಟು ಸಂಕಟ ನನಗೆ ಜಾಹೀರಾತನ್ನು ನೋಡಿದಾಗಲೂ ಆಗಿರಲಿಲ್ಲ. ಎಷ್ಟೊಂದು ಜನರ ಮೇಜಿನ ಮೇಲೆ ಅದು ಹಾದುಹೋಗಿರಬೇಕು! ಒಬ್ಬರಾದರೂ ಆ ಯುವತಿಯ ಮುಖದ ಮೇಲಿನ ಭಯವನ್ನು ನೋಡಿ ಕೈ ಎತ್ತಲಿಲ್ಲವೇ?

ಈಗ ನಾಣ್ಯದ ಮತ್ತೊಂದು ಮುಖ ನೋಡೋಣ. ನಿಜಕ್ಕೂ ನಿರ್ಬಂಧಕ್ಕೆ ಒಳಗಾಗುವುದು ಯಾವುದು? ಇದೇ ಭಾರತದಲ್ಲಿ 2017ರ ಡಿಸೆಂಬರ್‌ನಲ್ಲಿ ಇದೇ ಸಚಿವಾಲಯ ಕಾಂಡೋಮ್ ಜಾಹೀರಾತುಗಳನ್ನು ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ತೋರಿಸಬಾರದು ಎಂದು ಸೂಚನೆ ಹೊರಡಿಸಿತು. ಟೀಕೆ ಬಂದ ಮೇಲೆ, ಅದೇ ತಿಂಗಳು, ಪ್ರಚೋದಕವಲ್ಲದ ಆರೋಗ್ಯ ಸಂದೇಶಗಳಿಗೆ ಇದು ಅನ್ವಯಿಸುವುದಿಲ್ಲ ಎಂದು ಸ್ಪಷ್ಟನೆ ಕೊಡಬೇಕಾಯಿತು. ಬ್ರಿಟನ್ನಿನ ಟಿ.ವಿ.ಯಲ್ಲಿ ಕಾಂಡೋಮ್ ಜಾಹೀರಾತು ಬಂದದ್ದು 1987ರಲ್ಲಿ, ಅಮೆರಿಕದ ರಾಷ್ಟ್ರೀಯ ಜಾಲವೊಂದು ಅದನ್ನು ಒಪ್ಪಿಕೊಂಡದ್ದು 1991ರಲ್ಲಿ. ಏಡ್ಸ್ ಜನರನ್ನು ಬಲಿ ತೆಗೆದುಕೊಳ್ಳತೊಡಗಿ ವರ್ಷಗಳಾದ ಮೇಲೆ! ಅಷ್ಟು ಹೊತ್ತಿಗೆ ಜೀನ್ಸ್, ಸುಗಂಧದ್ರವ್ಯಗಳೆಲ್ಲ ಕಾಮದ ಹೆಸರಿನಲ್ಲೇ ಮಾರಾಟವಾಗುತ್ತಿದ್ದವು. 1980ರಲ್ಲೇ ಹದಿನೈದರ ಹರೆಯದ ನಟಿ ಬ್ರೂಕ್ ಶೀಲ್ಡ್ಸ್ ಬಾಯಲ್ಲಿ ಕ್ಯಾಲ್ವಿನ್ ಕ್ಲೈನ್ ಜೀನ್ಸ್‌ಗೂ ತನಗೂ ನಡುವೆ ಏನೂ ಇಲ್ಲ ಎಂದು ಹೇಳಿಸಿದ್ದರು. ಕೆಲವು ಟಿ.ವಿ. ಕೇಂದ್ರಗಳು ಅದನ್ನು ನಿರಾಕರಿಸಿದವು ಎಂಬುದು ನಿಜ. ಆದರೆ ಆ ಗದ್ದಲವೂ ಕಂಪನಿಗೆ ಪ್ರಚಾರವಾಗಿಯೇ ಒದಗಿತು.

ಮುಟ್ಟಿನ ಪ್ಯಾಡ್‌ಗಳ ಮಾತು ಇನ್ನೂ ವಿಚಿತ್ರ. ದಶಕಗಳ ಕಾಲ ಆ ಜಾಹೀರಾತುಗಳಲ್ಲಿ ನೀಲಿ ದ್ರವ ಸುರಿದರು. ಯಾವ ಹೆಣ್ಣಿಗೂ ನೀಲಿ ರಕ್ತ ಹರಿಯುವುದಿಲ್ಲ. 2017ರಲ್ಲಿ ಬ್ರಿಟನ್ನಿನ ಒಂದು ಬ್ರ್ಯಾಂಡ್ ಕೆಂಪು ಬಣ್ಣವನ್ನು ತೋರಿಸಿದಾಗ ಅದೇ ದೊಡ್ಡ ಸುದ್ದಿಯಾಯಿತು. 2019ರಲ್ಲಿ ಆಸ್ಟ್ರೇಲಿಯಾದಲ್ಲಿ ಅದೇ ಬಗೆಯ ಜಾಹೀರಾತಿನ ವಿರುದ್ಧ 600ಕ್ಕೂ ಹೆಚ್ಚು ದೂರುಗಳು ಬಂದವು. ಅಲ್ಲಿನ ಜಾಹೀರಾತು ಮಾನದಂಡ ಸಂಸ್ಥೆ ಎಲ್ಲವನ್ನೂ ತಳ್ಳಿಹಾಕಿತು. ಅದು ಸರಿಯಾದ ತೀರ್ಪು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ದೂರಿನ ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ಹಾನಿ ಹೆಚ್ಚಾಗುವುದಿಲ್ಲ. ಜನ ನಾಚಿಕೊಂಡದ್ದಕ್ಕೂ ಜನಕ್ಕೆ ಕೇಡಾದದ್ದಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ಸರ್ಕಾರಿ ಕತ್ತರಿಯನ್ನು ನಾನು ಒಪ್ಪದಿರುವುದಕ್ಕೆ ಇದೇ ಕಾರಣ. ಅದು ನಾಚಿಕೆಯನ್ನು ಹುಡುಕಿಕೊಂಡು ಹೋಗುತ್ತದೆ, ಕೇಡನ್ನು ದಾಟಿಕೊಂಡು ಹೋಗುತ್ತದೆ. ಸಭ್ಯತೆ ಎಂಬ ಪದವನ್ನು ಕುರ್ಚಿಯಲ್ಲಿ ಕುಳಿತವರು ಬೇಕಾದಂತೆ ಹಿಗ್ಗಿಸಬಹುದು. ಹಾಗೆ ಹಿಗ್ಗಿಸಿದಾಗ ಮೊದಲು ಮಾಯವಾಗುವುದು ಆರೋಗ್ಯದ ಮಾತು, ಹೆಣ್ಣಿನ ದೇಹದ ಸಹಜ ಸಂಗತಿಗಳು, ಬಹುಸಂಖ್ಯಾತರಿಗಿಂತ ಬೇರೆ ರೀತಿ ಪ್ರೀತಿಸುವವರು.

ಜಾಹೀರಾತು ಉದ್ಯಮ ಸಾಮಾನ್ಯವಾಗಿ ಕೊಡುವ ಸಮರ್ಥನೆ ಒಂದೇ: ಇದು ಮಾರಾಟ ಹೆಚ್ಚಿಸುತ್ತದೆ. ಆ ಮಾತನ್ನೂ ಪರೀಕ್ಷೆಗೆ ಒಡ್ಡಿದವರಿದ್ದಾರೆ. ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ 53 ಪ್ರಯೋಗಗಳ, ಸುಮಾರು 8,500 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಲೈಂಗಿಕ ಅಂಶವಿರುವ ಜಾಹೀರಾತಿನ ಬ್ರ್ಯಾಂಡ್‌ಗಳ ಬಗ್ಗೆ ಜನರ ಅಭಿಪ್ರಾಯ ಕೆಳಗಿಳಿದಿತ್ತು. 2017ರಲ್ಲಿ 78 ಅಧ್ಯಯನಗಳನ್ನು ಕ್ರೋಡೀಕರಿಸಿದ ಇನ್ನೊಂದು ವಿಶ್ಲೇಷಣೆ ಬಂತು. ಇಂತಹ ಜಾಹೀರಾತುಗಳನ್ನು ಜನ ನೆನಪಿಟ್ಟುಕೊಳ್ಳುತ್ತಾರೆ, ಯಾವ ಕಂಪನಿಯದು ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳುವುದಿಲ್ಲ, ಕೊಳ್ಳುವ ಇಚ್ಛೆಯೂ ಹೆಚ್ಚುವುದಿಲ್ಲ ಎಂದು ಅದು ಕಂಡುಕೊಂಡಿತು. ಸರಾಸರಿಯಲ್ಲಿ ಗಂಡಸರಿಗೆ ಹಿಡಿಸಿತ್ತು, ಹೆಂಗಸರಿಗೆ ಹಿಡಿಸಿರಲಿಲ್ಲ. ಕಣ್ಣೆಲ್ಲ ಮೈಯ ಮೇಲೆ ನೆಟ್ಟಾಗ ಬಾಟಲಿಯ ಮೇಲಿನ ಹೆಸರನ್ನು ಓದುವವರು ಯಾರು? ಹಾಗಿರುವಾಗ ನಿಯಮ ಬಿಗಿಯಾದರೆ ಉದ್ಯಮ ಮುಳುಗುತ್ತದೆ ಎಂಬ ಗೋಳಾಟಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ನಾನು ಎಳ್ಳಷ್ಟೂ ಸಡಿಲ ಬಿಡಲಾರೆ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ನೇಮಿಸಿದ ಕಾರ್ಯಪಡೆ 2007ರ ವರದಿಯಲ್ಲಿ, ಹುಡುಗಿಯರನ್ನು ಲೈಂಗಿಕ ವಸ್ತುಗಳಂತೆ ತೋರಿಸುವ ಮಾಧ್ಯಮಕ್ಕೂ ಅವರಲ್ಲಿ ಕಾಣುವ ಊಟದ ಕಾಯಿಲೆ, ಆತ್ಮವಿಶ್ವಾಸದ ಕೊರತೆ, ಖಿನ್ನತೆಗಳಿಗೂ ನಂಟಿದೆ ಎಂದು ಹೇಳಿತು. ಹನ್ನೊಂದರ ಹುಡುಗಿ ಕನ್ನಡಿಯ ಮುಂದೆ ನಿಂತು ತನ್ನ ಸೊಂಟವನ್ನು ಹೊರಗಿನವರ ಕಣ್ಣಿನಿಂದ ನೋಡಿಕೊಳ್ಳುವುದನ್ನು ಕಂಡವರಿಗೆ ಆ ವರದಿಯನ್ನು ವಿವರಿಸಬೇಕಾಗಿಲ್ಲ. ಹದಿನೆಂಟು ತುಂಬದವರನ್ನು, ಅಥವಾ ಹಾಗೆ ಕಾಣುವವರನ್ನು, ಲೈಂಗಿಕವಾಗಿ ಚಿತ್ರಿಸುವ ಜಾಹೀರಾತಿಗೆ ಬ್ರಿಟನ್ 2018ರಿಂದ ಸ್ಪಷ್ಟ ನಿಷೇಧ ಹಾಕಿದೆ. ಇದಕ್ಕೆ ವಿನಾಯಿತಿ ಕೇಳುವ ಯಾವ ವಾದವೂ ನನಗೆ ಸಮ್ಮತವಲ್ಲ.

ಹೊತ್ತಿನ ನಿಯಮವೂ ಒಳ್ಳೆಯದೇ. ಬ್ರಿಟನ್ನಿನಲ್ಲಿ ರಾತ್ರಿ 9 ಗಂಟೆಯ ಗೆರೆ ಇದೆ. ಅಮೆರಿಕದ ಪ್ರಸಾರ ಕೇಂದ್ರಗಳಿಗೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಅವಧಿಯಲ್ಲಿ ಸಡಿಲಿಕೆ ಇದೆ. ದೊಡ್ಡವರ ಹಕ್ಕನ್ನು ಕಸಿಯದೆ ಮಕ್ಕಳನ್ನು ಕಾಪಾಡುವ ಮಾರ್ಗ ಇದು. ಆದರೆ ಈಗ ಟಿ.ವಿ. ಪೆಟ್ಟಿಗೆಗೇ ಇಂಟರ್ನೆಟ್ ಬಂದಿದೆ. ಮಗು ಮಧ್ಯಾಹ್ನ ಕುಳಿತು ಬೇಕಾದ ಕಾರ್ಯಕ್ರಮ ಹಾಕಿಕೊಳ್ಳುತ್ತದೆ. ಅಲ್ಲಿ ಜಾಹೀರಾತು ಗಡಿಯಾರ ನೋಡಿ ಬರುವುದಿಲ್ಲ, ನೋಡುಗರ ಲೆಕ್ಕ ಹಿಡಿದು ಬರುತ್ತದೆ. ಆ ವೇದಿಕೆಗಳು ವೀಕ್ಷಕರ ವಯಸ್ಸು, ಅಭಿರುಚಿಗಳನ್ನು ಊಹಿಸಿ ಸರಕು ಮಾರುತ್ತವೆ. ಮಾರಲು ಬಳಸುವ ಆ ತಿಳಿವಳಿಕೆಯನ್ನೇ ಮಕ್ಕಳನ್ನು ಕಾಯುವುದಕ್ಕೂ ಬಳಸಬೇಕೆಂದು ಕಾನೂನು ಕಡ್ಡಾಯ ಮಾಡಬೇಕು.

ಹಾಗಾದರೆ ಕಡಿವಾಣ ಯಾರ ಕೈಯಲ್ಲಿ? ಬ್ರಿಟನ್ನಿನಲ್ಲಿ 1962ರಿಂದ ಜಾಹೀರಾತು ಮಾನದಂಡ ಪ್ರಾಧಿಕಾರವಿದೆ. ಭಾರತದಲ್ಲಿ 1985ರಿಂದ ಜಾಹೀರಾತು ಮಾನದಂಡ ಮಂಡಳಿ ಇದೆ, 2006ರಿಂದ ಕೇಬಲ್ ಟಿ.ವಿ. ನಿಯಮಗಳೇ ಅದರ ಸಂಹಿತೆಯನ್ನು ಮೀರಬಾರದು ಎನ್ನುತ್ತವೆ. ಇಂತಹ ಸ್ವಯಂ ನಿಯಂತ್ರಣ ಸಂಸ್ಥೆಗಳ ಮೇಲೆ ನನಗೆ ಭರವಸೆ ಇದೆ, ಜೊತೆಗೆ ಅತೃಪ್ತಿಯೂ ಇದೆ. 2019ರಲ್ಲಿ ಬ್ರಿಟನ್ ಗಂಡೆಂದರೆ ಹೀಗೆ, ಹೆಣ್ಣೆಂದರೆ ಹೀಗೆ ಎಂದು ಬಿಂಬಿಸುವ ಹಾನಿಕರ ಪಡಿಯಚ್ಚುಗಳನ್ನು ನಿಷೇಧಿಸಿ, ಒಂದೂ ಅಶ್ಲೀಲ ಚೌಕಟ್ಟಿಲ್ಲದ ಎರಡು ಜಾಹೀರಾತುಗಳನ್ನು ಅದೇ ವರ್ಷ ತೆಗೆಸಿತು. ಕೇಳಬೇಕಾದ ಪ್ರಶ್ನೆ ಅಲ್ಲಿ ಬದಲಾಗಿತ್ತು, ನನಗೆ ಅದು ಸಮಾಧಾನ ಕೊಟ್ಟಿತು. ಅತೃಪ್ತಿ ಇರುವುದು ವೇಗದ ಬಗ್ಗೆ. ಒಂದು ಜಾಹೀರಾತಿನ ಆಯುಷ್ಯ ಕೆಲವೇ ವಾರಗಳು. ದೂರು ಕೊಟ್ಟು, ವಿಚಾರಣೆ ನಡೆದು, ತೀರ್ಪು ಬರುವ ಹೊತ್ತಿಗೆ ಕಂಪನಿ ತನ್ನ ಕೆಲಸ ಮುಗಿಸಿ ಮುಂದಿನ ಜಾಹೀರಾತಿಗೆ ಹೋಗಿರುತ್ತದೆ. ಆಮೇಲೆ ಬಂದ ನಿಷೇಧ ಅದಕ್ಕೆ ತಾಗುವುದೇ ಇಲ್ಲ.

ಆದ್ದರಿಂದ ತೀರ್ಪು ಜಾಹೀರಾತು ಓಡುತ್ತಿರುವಾಗಲೇ, ದಿನಗಳ ಒಳಗೆ ಬರಬೇಕು. ಕಾರಣಗಳನ್ನು ಸಾರ್ವಜನಿಕವಾಗಿ ಬರೆದು ಪ್ರಕಟಿಸಬೇಕು. ನಿರ್ಧರಿಸುವ ಪೀಠದಲ್ಲಿ ಉದ್ಯಮದವರ ಜೊತೆಗೆ ವೈದ್ಯರು, ಶಿಕ್ಷಕರು, ಹದಿಹರೆಯದವರೊಂದಿಗೆ ಕೆಲಸ ಮಾಡುವವರು ಇರಬೇಕು, ಅರ್ಧದಷ್ಟಾದರೂ ಮಹಿಳೆಯರಿರಬೇಕು. ದಂಡವನ್ನು ಆ ಜಾಹೀರಾತಿನ ಪ್ರಸಾರಕ್ಕೆ ಕಂಪನಿ ಖರ್ಚು ಮಾಡಿದ ಹಣದ ಲೆಕ್ಕದಲ್ಲೇ ವಿಧಿಸಬೇಕು. ತೀರ್ಪಿನ ಸಾರಾಂಶವನ್ನು ಅದೇ ವಾಹಿನಿಯಲ್ಲಿ, ಅದೇ ಕಾರ್ಯಕ್ರಮದ ನಡುವೆ, ಅದೇ ಕಂಪನಿಯ ಖರ್ಚಿನಲ್ಲಿ, ಜಾಹೀರಾತು ಎಷ್ಟು ಬಾರಿ ಬಂದಿತ್ತೋ ಅಷ್ಟು ಬಾರಿ ಓದಿಸಬೇಕು.